ಯಾರೂ ಓದದ ಶುಲ್ಕಪಟ್ಟಿ

2000ರ ದಶಕದ ಆರಂಭದಲ್ಲಿ ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ ದೇಶದ ನಕ್ಷೆಯೊಂದನ್ನು ಮುಂದಿಟ್ಟುಕೊಂಡು ವಾದಿಸುತ್ತಿತ್ತು. ನಿರ್ಲಕ್ಷ್ಯದ ದಾವೆಗಳಿಂದ ವೈದ್ಯರ ವಿಮಾ ಪ್ರೀಮಿಯಂ ಕೈಗೆಟುಕದಷ್ಟು ಏರಿದ ರಾಜ್ಯಗಳು ಯಾವುವು, ಸದ್ಯಕ್ಕೆ ನೆಮ್ಮದಿಯಾಗಿರುವವು ಯಾವುವು ಎಂಬ ವಿಂಗಡಣೆ ಅದರಲ್ಲಿತ್ತು. ನೆಮ್ಮದಿಯ ಪಟ್ಟಿಯಲ್ಲಿದ್ದವು ಆರೇ ರಾಜ್ಯಗಳು. ಅವುಗಳಲ್ಲಿ ವಿಸ್ಕಾನ್ಸಿನ್ ಒಂದು. ಆ ಹೊತ್ತಿಗೆ ಅಂಟಿದ ‘ಮಾದರಿ ರಾಜ್ಯ’ ಎಂಬ ಬಿರುದು ಇಂದಿಗೂ ಕಳಚಿಲ್ಲ. ವೈದ್ಯಕೀಯ ಪರಿಹಾರ ನಿಧಿಗಳ ಮಾತು ಬಂದಲ್ಲೆಲ್ಲ ಅದರ ಹೆಸರು ಬರುತ್ತದೆ. ವೈದ್ಯರು ಕಟ್ಟುವ ಶುಲ್ಕ ಕಡಿಮೆ, ನಿಧಿ ತುಂಬಿದೆ, ರೋಗಿಗೂ ಅನ್ಯಾಯವಾಗಿಲ್ಲ ಎಂಬುದು ಹೊಗಳಿಕೆಯ ಸಾರ. ಮೊದಲ ಎರಡು ಮಾತು ನಿಜ. ಮೂರನೆಯದು ಆ ಎರಡರ ಬೆನ್ನೇರಿ ಬಂದಿದೆ ಎಂಬುದೇ ನನ್ನ ತಕರಾರು.

1975ರ ವಿಮಾ ಬಿಕ್ಕಟ್ಟು ಹೇಗೆ ಹುಟ್ಟಿತು, ಖಾಸಗಿ ಕಂಪನಿಗಳು ಮಾರುಕಟ್ಟೆಯಿಂದ ಏಕೆ ಕಾಲ್ತೆಗೆದವು ಎಂಬುದು ಬೇಕಾದಷ್ಟು ಚರ್ಚೆಯಾಗಿದೆ, ಅದನ್ನು ಬಿಡೋಣ. ಆ ವರ್ಷ ವಿಸ್ಕಾನ್ಸಿನ್ ಶಾಸಕಾಂಗ ಕಟ್ಟಿದ ವ್ಯವಸ್ಥೆ ಇಷ್ಟು: ವೈದ್ಯರೂ ಆಸ್ಪತ್ರೆಗಳೂ ಒಂದು ಮಿತಿಯವರೆಗೆ ಖಾಸಗಿ ವಿಮೆ ಇಟ್ಟುಕೊಳ್ಳಬೇಕು. ಈಗ ಅದು ಒಂದು ಪ್ರಕರಣಕ್ಕೆ 10 ಲಕ್ಷ, ವರ್ಷಕ್ಕೆ 30 ಲಕ್ಷ ಡಾಲರ್. ಪರಿಹಾರ ಅದನ್ನು ಮೀರಿದರೆ ಮಿಕ್ಕಿದ್ದನ್ನು ರಾಜ್ಯದ ನಿಧಿ ಕೊಡುತ್ತದೆ. ಚಿಕಿತ್ಸೆಯ ಖರ್ಚು, ಕಳೆದುಹೋದ ದುಡಿಮೆ ಮುಂತಾದ ಆರ್ಥಿಕ ನಷ್ಟಕ್ಕೆ ಮೇಲ್ಮಿತಿಯೇ ಇಲ್ಲ. ಇದಕ್ಕಾಗಿ ಪ್ರತಿಯೊಬ್ಬರೂ ವರ್ಷವರ್ಷ ನಿಧಿಗೆ ಶುಲ್ಕ ಕಟ್ಟಬೇಕು, ಕಡ್ಡಾಯವಾಗಿ. ಎಷ್ಟು ಎಂಬುದನ್ನು ಆಡಳಿತ ಮಂಡಳಿಯ ಒಪ್ಪಿಗೆ ಪಡೆದು ರಾಜ್ಯದ ವಿಮಾ ಆಯುಕ್ತರು ನಿಯಮದ ರೂಪದಲ್ಲಿ ಹೊರಡಿಸುತ್ತಾರೆ.

ಈ ನಿಧಿಯ ಬಗ್ಗೆ ಬರೆದವರಿಗೆ ಲೆಕ್ಕವಿಲ್ಲ. ಶುಲ್ಕ ನಿಗದಿಯ ಕಲಮನ್ನು ಕೂತು ಓದಿದವರು ವಿರಳ. ಅಧ್ಯಾಯ 655, ಕಲಮು 27, ಉಪಕಲಮು 3. ಇಡೀ ವ್ಯವಸ್ಥೆಯ ಸ್ವಭಾವ ಇರುವುದು ಅಲ್ಲಿ.

ಮೊದಲು ವರ್ಗೀಕರಣ ನೋಡಿ. ಮಾಡುವ ಶಸ್ತ್ರಚಿಕಿತ್ಸೆಯ ಪ್ರಮಾಣ, ರೋಗಪತ್ತೆ ಮತ್ತು ಚಿಕಿತ್ಸೆಯಲ್ಲಿರುವ ಅಪಾಯ ಇವನ್ನು ನೋಡಿ ವೈದ್ಯರನ್ನು ವಿಂಗಡಿಸಬೇಕು, ಆದರೆ ನಾಲ್ಕು ವರ್ಗಗಳಿಗಿಂತ ಹೆಚ್ಚು ಇರಕೂಡದು ಎನ್ನುತ್ತದೆ ಕಾನೂನು. ಖಾಸಗಿ ವಿಮಾ ಕಂಪನಿಗೆ ಬಿಟ್ಟರೆ ಅದು ನಾಲ್ಕಕ್ಕೆ ನಿಲ್ಲುವುದಿಲ್ಲ. ಒಂದೊಂದು ಪರಿಣತಿಗೂ ಒಂದೊಂದು ದರ ಹಚ್ಚುತ್ತದೆ. ಇಲ್ಲಿ ಶಾಸಕಾಂಗ ಬೇಕೆಂದೇ ಗೆರೆಗಳನ್ನು ಅಳಿಸಿದೆ. ಚಾಕು ಮುಟ್ಟದ ಕುಟುಂಬ ವೈದ್ಯರು ಮೊದಲ ವರ್ಗದಲ್ಲಿ. ಪ್ರಸೂತಿ ತಜ್ಞರು, ನರಶಸ್ತ್ರಚಿಕಿತ್ಸಕರು ಕೊನೆಯದರಲ್ಲಿ. ಕೊನೆಯ ವರ್ಗದ ಶುಲ್ಕ ಮೊದಲನೆಯದರ ಹಲವು ಪಟ್ಟು, ನಿಜ. ಆದರೂ ವರ್ಗಗಳು ನಾಲ್ಕೇ ಆದಾಗ ಒಂದೇ ವರ್ಗದೊಳಗಿನ ಹೆಚ್ಚು ಅಪಾಯದವರ ಭಾರವನ್ನು ಕಡಿಮೆ ಅಪಾಯದವರು ಹೊರಲೇಬೇಕಾಗುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದು ಇದನ್ನು ಗೇಲಿ ಮಾಡಬಹುದು. ನಾನು ಮಾಡುವುದಿಲ್ಲ. ಹಳ್ಳಿಗಾಡಿನಲ್ಲಿ ಹೆರಿಗೆ ಮಾಡಿಸುವವರು ಉಳಿಯಬೇಕಾದರೆ ಉಳಿದ ವೈದ್ಯರು ಸ್ವಲ್ಪ ಕೈಜೋಡಿಸಬೇಕು ಎಂಬ ವಿವೇಕ ಆ ಒಂದು ವಾಕ್ಯದಲ್ಲಿದೆ. ಇಡೀ ಅಧ್ಯಾಯದಲ್ಲಿ ನನಗೆ ಮನಸಾರೆ ಹಿಡಿಸಿದ್ದು ಅದೊಂದೇ. ವಿಚಿತ್ರವೆಂದರೆ ಹೊಗಳುವವರು ಅದನ್ನು ಎತ್ತುವುದೇ ಇಲ್ಲ. ಎತ್ತಿದರೆ, ಮಾದರಿ ಎನ್ನಿಸಿಕೊಂಡ ಈ ವ್ಯವಸ್ಥೆ ನಿಂತಿರುವುದು ಮಾರುಕಟ್ಟೆಯ ಬೆಲೆಯನ್ನು ಕಾನೂನಿನಿಂದ ಬಗ್ಗಿಸಿ ಎಂದು ಒಪ್ಪಿಕೊಳ್ಳಬೇಕಾಗುತ್ತದಲ್ಲ!

ಆದರೆ ಅದೇ ವಾಕ್ಯಕ್ಕೆ ಇನ್ನೊಂದು ಮುಖವಿದೆ. ವರ್ಗ ನೋಡುವುದು ವೃತ್ತಿಯನ್ನು, ವ್ಯಕ್ತಿಯನ್ನಲ್ಲ. ಮೂವತ್ತು ವರ್ಷ ಒಂದೂ ದಾವೆಯಿಲ್ಲದೆ ಹೆರಿಗೆ ಮಾಡಿಸಿದವರಿಗೂ, ಮೇಲಿಂದ ಮೇಲೆ ಪರಿಹಾರ ತೆತ್ತವರಿಗೂ ಪಟ್ಟಿಯಲ್ಲಿರುವ ಅಂಕಿ ಒಂದೇ. ಕಾನೂನು ಬರೆದವರಿಗೆ ಇದು ಹೊಳೆಯದೆ ಇರಲಿಲ್ಲ. ಒಬ್ಬ ವೈದ್ಯನ ಕಾರಣದಿಂದ ಪಾವತಿಯಾದ ಪರಿಹಾರವನ್ನೂ ಶುಲ್ಕ ನಿಗದಿಯಲ್ಲಿ ಪರಿಗಣಿಸಬೇಕು ಎಂದು ಅದೇ ಉಪಕಲಮಿನಲ್ಲಿ ಸೇರಿಸಿದರು. ಸೇರಿಸಿದ ಉಸಿರಿನಲ್ಲೇ, ಸಹವೃತ್ತಿಗಳ ಪರಿಶೀಲನಾ ಸಮಿತಿಯ ಶಿಫಾರಸು ಬರುವ ಮುನ್ನ, ಆ ವೈದ್ಯ ತನ್ನ ಮಾತು ಹೇಳಿಕೊಳ್ಳಲು ಇರುವ ಅವಧಿ ಮುಗಿಯುವ ಮುನ್ನ ಶುಲ್ಕ ಏರಿಸುವಂತಿಲ್ಲ ಎಂದು ಕಟ್ಟಿಯೂ ಹಾಕಿದರು. ನ್ಯಾಯವಾದ ಎಚ್ಚರಿಕೆಯೇ, ಒಪ್ಪೋಣ. ಆದರೆ ಫಲವೇನು? ಎಚ್ಚರದಿಂದಿರುವುದಕ್ಕೂ ಶುಲ್ಕಕ್ಕೂ ಇರಬೇಕಾದ ನಂಟು ಮುಖ್ಯ ಪಟ್ಟಿಯಿಂದ ಜಾರಿ ಸಮಿತಿಯೊಂದರ ಕಡತಕ್ಕೆ ಸೇರಿತು. ಆಸ್ಪತ್ರೆಗಳಿಗಂತೂ ಶುಲ್ಕದ ಮೂಲ ಅಳತೆ ರೋಗಿಗಳಿರುವ ಹಾಸಿಗೆಗಳ ಸಂಖ್ಯೆ.

ಇನ್ನು ಮೇಲ್ಮಿತಿ. ಒಂದು ವರ್ಷದಲ್ಲಿ ಒಟ್ಟು ಎಷ್ಟು ಶುಲ್ಕ ವಸೂಲು ಮಾಡಬಹುದು ಎಂಬುದಕ್ಕೆ ಕಾನೂನು ಮೂರು ಅಂಕಿಗಳನ್ನು ಕೊಟ್ಟು, ಅವುಗಳಲ್ಲಿ ಅತಿ ದೊಡ್ಡದನ್ನು ಮೀರಬಾರದು ಎನ್ನುತ್ತದೆ. ಒಂದು, ಆ ವರ್ಷ ಪಾವತಿಯಾಗಬಹುದಾದ ಪರಿಹಾರದ ಅಂದಾಜು. ಎರಡು, ಹಿಂದಿನ ವರ್ಷದ ಶುಲ್ಕಕ್ಕೆ ಬೆಲೆಸೂಚ್ಯಂಕ ಸೇರಿಸಿದರೆ ಬರುವ ಮೊತ್ತ. ಮೂರು, ಹಿಂದಿನ ಕ್ಯಾಲೆಂಡರ್ ವರ್ಷದಲ್ಲಿ ಪರಿಹಾರಕ್ಕಾಗಿ ಕೊಟ್ಟಿದ್ದರ ಎರಡರಷ್ಟು. ಮೇಲ್ನೋಟಕ್ಕೆ ಇದು ಬಿಗಿಯಾದ ಬೇಲಿ. ಬರಿಯ ಉದಾಹರಣೆಗೆ ಸಣ್ಣ ಅಂಕಿಗಳನ್ನು ಇಟ್ಟು ನೋಡಿ. ಕಳೆದ ವರ್ಷ ನಿಧಿ 2 ಕೋಟಿ ಕೊಟ್ಟಿತ್ತು, ಶುಲ್ಕ 3 ಕೋಟಿ ಬಂದಿತ್ತು ಎನ್ನೋಣ. ಈ ವರ್ಷದ ಅಂದಾಜು ಒಂದೇ ಕೋಟಿಯಾದರೂ 4 ಕೋಟಿ ವಸೂಲು ಮಾಡಲು ದಾರಿಯಿದೆ. ಕೊಟ್ಟಿದ್ದು ಬರಿಯ 50 ಲಕ್ಷವಾಗಿದ್ದರೆ? ಆಗಲೂ ಎರಡನೆಯ ದಾರಿಯಿಂದ 3 ಕೋಟಿಗೆ ಮೋಸವಿಲ್ಲ. ಬೇಲಿ ಇರುವುದು ನಿಜ. ಅದು ದನವನ್ನು ತಡೆಯುವ ಜಾಗದಲ್ಲಿ ಮಾತ್ರ ಇಲ್ಲ.

ಅದಕ್ಕಿಂತ ಗಂಭೀರವಾದದ್ದು, ಮೂರೂ ಅಂಕಿಗಳು ನೋಡುವುದು ಈಗ ಕೈಯಿಂದ ಹೋಗುವ, ಕೈಗೆ ಬರುವ ಹಣವನ್ನು. ಇಂದು ಹೆರಿಗೆ ಕೊಠಡಿಯಲ್ಲಿ ಆದ ತಪ್ಪಿಗೆ ಆ ಮಗುವಿನ ಪರವಾಗಿ ಹತ್ತು ವರ್ಷ ತುಂಬುವವರೆಗೂ ದಾವೆ ಹೂಡಬಹುದು. ತೀರ್ಪು, ಮೇಲ್ಮನವಿ ಸೇರಿದರೆ ಪಾವತಿ ಇನ್ನಷ್ಟು ದೂರ. ಹೊಣೆ ಹುಟ್ಟುವುದು ಇಂದು, ಮಿತಿಯ ಲೆಕ್ಕಕ್ಕೆ ಅದು ಬರುವುದು ಎಂದೋ. ನಿಧಿ ಎಳೆಯದಾಗಿದ್ದಾಗ ಪಾವತಿ ಕಡಿಮೆ, ಹೊಣೆ ಮಾತ್ರ ಬೆಳೆಯುತ್ತಿತ್ತು. ಮುಂದೆ ವರ್ಷಗಟ್ಟಲೆ ಅದರ ಪುಸ್ತಕ ಕೊರತೆ ತೋರಿಸಿದ್ದಕ್ಕೆ ಈ ಮಿತಿಯ ಕೈವಾಡವೂ ಇತ್ತೆಂದೇ ನನ್ನ ಊಹೆ. ಈಗ ಚಕ್ರ ತಿರುಗಿದೆ. ನಿಧಿಯ ಆಸ್ತಿ 100 ಕೋಟಿ ಡಾಲರ್ ದಾಟಿದೆ, ಹೂಡಿಕೆಯ ವರಮಾನ ಬರುತ್ತಿದೆ, ಶುಲ್ಕವನ್ನು ಹಲವು ಬಾರಿ ಇಳಿಸಿದ್ದಾರೆ. ಪ್ರತಿ ಇಳಿಕೆಯೂ ಯಶಸ್ಸಿನ ಸುದ್ದಿಯಾಯಿತು. ಆದರೆ ಹಿಂದಿನ ವರ್ಷದ ಶುಲ್ಕವೇ ಮುಂದಿನ ವರ್ಷದ ಮಿತಿಗೆ ಒಂದು ಅಳತೆಯಾದ ಮೇಲೆ, ಇಳಿಸಿದ್ದು ಬರಿಯ ದರವನ್ನಲ್ಲ, ಮತ್ತೆ ಏರಿಸುವ ದಾರಿಗಳಲ್ಲಿ ಒಂದನ್ನೂ ಕಿರಿದು ಮಾಡಿದಂತಾಯಿತು.

ಶುಲ್ಕ ಏಕೆ ಇಳಿಯಿತು ಎಂದು ಕೇಳಿದರೆ ಎಲ್ಲರ ಬೆರಳೂ ನೋವು, ಸಂಕಟಗಳ ಪರಿಹಾರಕ್ಕೆ ಹಾಕಿದ ಮಿತಿಯ ಕಡೆಗೇ. ಈ ಜಗಳ ಇಪ್ಪತ್ತು ವರ್ಷದಿಂದ ನಡೆದಿದೆ, ನಾನೂ ಎರಡು ಮಾತು ಸೇರಿಸುತ್ತೇನೆ. 1995ರಲ್ಲಿ ಶಾಸಕಾಂಗ ಈ ಪರಿಹಾರಕ್ಕೆ 3,50,000 ಡಾಲರ್ ಮಿತಿ ಹಾಕಿ, ಹಣದುಬ್ಬರಕ್ಕೆ ತಕ್ಕಂತೆ ಏರಲಿ ಎಂದಿತು. 2005ರ ಫರ್ಡನ್ ಪ್ರಕರಣದಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಅದನ್ನು ಅಸಿಂಧುಗೊಳಿಸಿತು. ಹೆರಿಗೆಯಲ್ಲಿ ತೋಳಿಗೆ ಪೆಟ್ಟಾದ ಮಗುವಿಗೆ ಜ್ಯೂರಿ ಕೊಟ್ಟ 7 ಲಕ್ಷ ಡಾಲರ್ ಆ ಮಿತಿಯಿಂದ 4,10,322ಕ್ಕೆ ಇಳಿದಿತ್ತು. ಬಹುಮತದ ತೀರ್ಪು ಬರೆದ ಮುಖ್ಯ ನ್ಯಾಯಮೂರ್ತಿ ಶರ್ಲಿ ಅಬ್ರಹಾಮ್ಸನ್ ಕೇಳಿದ್ದು ಮೂಲದ ಪ್ರಶ್ನೆ: ಅತಿ ಹೆಚ್ಚು ಗಾಯಗೊಂಡವರ, ಅದರಲ್ಲೂ ಮಕ್ಕಳ ಪಾಲನ್ನು ಕತ್ತರಿಸಿ ಉಳಿದವರೆಲ್ಲರ ಶುಲ್ಕ ತಗ್ಗಿಸುವುದರಲ್ಲಿ ತರ್ಕವೆಲ್ಲಿದೆ? ಮಿತಿ ಇದ್ದಾಗಲೂ ಇಲ್ಲದಿದ್ದಾಗಲೂ ನಿಧಿ ನಡೆದೇ ಇತ್ತಲ್ಲ? 1991ರಿಂದ 1995ರವರೆಗೆ ಮಿತಿಯೇ ಇರಲಿಲ್ಲ ಎಂಬುದು ಅವರ ಕಡೆಗಿದ್ದ ಗಟ್ಟಿ ಸಾಕ್ಷ್ಯ. ಮರುವರ್ಷವೇ ಶಾಸಕಾಂಗ 7,50,000ದ ಹೊಸ ಮಿತಿ ತಂದಿತು. 2018ರಲ್ಲಿ ಮೇಯೊ ಪ್ರಕರಣ ಬಂತು. ಸೋಂಕನ್ನು ಸಕಾಲಕ್ಕೆ ಗುರುತಿಸದೆ ಎರಡು ಕೈ, ಎರಡು ಕಾಲು ಕಳೆದುಕೊಂಡ ಮಹಿಳೆಗೂ ಅವರ ಪತಿಗೂ ಸೇರಿ ಜ್ಯೂರಿ ನೋವಿನ ಬಾಬ್ತು ಕೊಟ್ಟ 1.65 ಕೋಟಿ ಡಾಲರ್ 7,50,000ಕ್ಕೆ ಇಳಿಯಿತು. ಮುಖ್ಯ ನ್ಯಾಯಮೂರ್ತಿ ಪೇಷನ್ಸ್ ರೊಗೆನ್ಸಾಕ್ ನೇತೃತ್ವದ ಬಹುಮತ ಮಿತಿಯನ್ನು ಎತ್ತಿಹಿಡಿದು ಫರ್ಡನ್ ತೀರ್ಪನ್ನೇ ತಳ್ಳಿಹಾಕಿತು.

ಎರಡೂ ತೀರ್ಪುಗಳ ಅಭಿಮಾನಿಗಳು ಇನ್ನೂ ಕಾದಾಡುತ್ತಿದ್ದಾರೆ. ನನಗೆ ಫರ್ಡನ್ ಪಕ್ಷ ಹತ್ತಿರ, ಮುಚ್ಚುಮರೆಯೇನಿಲ್ಲ. ಆದರೆ ಅದರ ಪರವಾಗಿ ಬರೆಯುವವರೂ ಒಂದು ಚಟಕ್ಕೆ ಬಿದ್ದಿದ್ದಾರೆ: ಮಿತಿ ಬಿದ್ದರೆ ನ್ಯಾಯ ಬಂತು ಎಂಬಂತೆ ಮಾತಾಡುತ್ತಾರೆ. ಮೇಯೊ ಪಕ್ಷದವರು, ಆರ್ಥಿಕ ನಷ್ಟ ಪೂರ್ತಿ ಸಿಗುತ್ತದೆಂಬ ಖಾತ್ರಿ ಇರುವಾಗ ನೋವಿಗೆ ಮಿತಿಯಿದ್ದರೇನು ಎನ್ನುತ್ತಾರೆ. ಆ ಪ್ರಕರಣದಲ್ಲೇ ಸುಮಾರು 88 ಲಕ್ಷ ಡಾಲರ್ ಆರ್ಥಿಕ ಪರಿಹಾರ ಉಳಿಯಿತು ಎಂದು ತೋರಿಸುತ್ತಾರೆ. ಆ ಖಾತ್ರಿ ದೊಡ್ಡದೇ. ಇಂಡಿಯಾನಾದ ನಿಧಿ 2019ರಿಂದೀಚೆಗೆ ಎಲ್ಲ ಬಗೆಯ ಪರಿಹಾರವನ್ನೂ, ಜೀವನಪೂರ್ತಿಯ ಚಿಕಿತ್ಸೆಯನ್ನೂ ಸೇರಿಸಿ 18 ಲಕ್ಷ ಡಾಲರ್‌ಗೆ ಕಟ್ಟಿಹಾಕಿದೆ. ಅದರ ಪಕ್ಕದಲ್ಲಿ ವಿಸ್ಕಾನ್ಸಿನ್ ಉದಾರಿಯೇ. ಆದರೆ ದುಡಿಮೆಯೇ ಇಲ್ಲದವರ, ಮುದುಕರ, ಮಕ್ಕಳ ನಷ್ಟದಲ್ಲಿ ‘ಆರ್ಥಿಕ’ ಎನ್ನಬಹುದಾದದ್ದು ಎಷ್ಟು?

ಮಿತಿಯ ಸದ್ದಿನಲ್ಲಿ ಕೇಳದೇ ಹೋದ ಸಂಗತಿ ಬೇರೆಯಿದೆ. ಶುಲ್ಕ ಕಡಿಮೆಯಾಗಲು ಪರಿಹಾರದ ಮೊತ್ತ ಕತ್ತರಿಸುವುದೊಂದೇ ದಾರಿಯಲ್ಲ, ಬಾಗಿಲಿಗೆ ಬರುವವರನ್ನು ಕಡಿಮೆ ಮಾಡಿದರೂ ಸಾಕು. ವಿಸ್ಕಾನ್ಸಿನ್‌ನಲ್ಲಿ ವೈದ್ಯಕೀಯ ನಿರ್ಲಕ್ಷ್ಯದಿಂದ ತಾಯಿ ಸತ್ತರೆ, ವಯಸ್ಸಿಗೆ ಬಂದ ಮಕ್ಕಳು ಆ ಅಗಲಿಕೆಗೆ ಪರಿಹಾರ ಕೇಳುವಂತಿಲ್ಲ. 2000ದಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಇದನ್ನು ಖಚಿತಪಡಿಸಿತು. ಅದೇ ತಾಯಿಗೆ ಲಾರಿ ಡಿಕ್ಕಿ ಹೊಡೆದಿದ್ದರೆ ಕೇಳಬಹುದಿತ್ತು! ಗಂಡನಿಲ್ಲದ, ಕೆಲಸದಿಂದ ನಿವೃತ್ತಳಾದ, ಮಕ್ಕಳೆಲ್ಲ ದೊಡ್ಡವರಾದ ಹೆಂಗಸು ಆಸ್ಪತ್ರೆಯ ತಪ್ಪಿನಿಂದ ಸತ್ತರೆ ಆ ಪ್ರಕರಣ ಹಿಡಿಯಲು ಯಾವ ವಕೀಲರಿಗೆ ಪುರುಸೊತ್ತಿದೆ? ಗೆದ್ದ ಹಣದಲ್ಲಿ ಪಾಲು ಪಡೆದು ಬದುಕುವ ವಕೀಲಿಕೆ ಅದು. ರಾಜ್ಯದ ನೌಕರರಾದ ವೈದ್ಯರು, ಅಂದರೆ ವಿಶ್ವವಿದ್ಯಾಲಯದ ಅಧ್ಯಾಪಕ ವೈದ್ಯರಂಥವರು, ಈ ಅಧ್ಯಾಯದ ಹೊರಗೇ ಇದ್ದಾರೆ. ಅವರ ತಪ್ಪಿಗೆ ಎಲ್ಲ ಸೇರಿ 2,50,000 ಡಾಲರ್ ಮಿತಿ. ‘ಮೇಲ್ಮಿತಿಯಿಲ್ಲದ’ ರಾಜ್ಯ ಎಂಬ ಮಾತಿಗೆ ಇಷ್ಟೆಲ್ಲ ಅಡಿಟಿಪ್ಪಣಿ. ಇಳಿದ ಶುಲ್ಕಪಟ್ಟಿಯನ್ನು ತಪ್ಪುಗಳು ಕಡಿಮೆಯಾದದ್ದಕ್ಕೆ ಪುರಾವೆಯಾಗಿ ಓದುವವರು, ಅದರಲ್ಲಿ ದಾವೆಯಾಗದೇ ಹೋದ ಸಾವುಗಳೂ ಸೇರಿವೆಯೆಂದು ಮರೆಯುತ್ತಾರೆ.

ಇಷ್ಟಾದ ಮೇಲೆ ಈ ನಿಧಿ ಯಾರದ್ದು? 2003ರಲ್ಲಿ ‘ರೋಗಿಗಳ ಪರಿಹಾರ ನಿಧಿ’ ಎಂಬ ಹಳೆಯ ಹೆಸರನ್ನು ಬದಲಿಸಿ ‘ಗಾಯಗೊಂಡ ರೋಗಿಗಳು ಮತ್ತು ಕುಟುಂಬಗಳ ಪರಿಹಾರ ನಿಧಿ’ ಎಂದರು. ಇದು ಹಿಂಪಡೆಯಲಾಗದ ಟ್ರಸ್ಟ್, ಶುಲ್ಕ ಕಟ್ಟುವವರ ಮತ್ತು ಅರ್ಹ ಹಕ್ಕುದಾರರ ಹಿತಕ್ಕಷ್ಟೇ ಮೀಸಲು, ರಾಜ್ಯದ ಬೇರೆ ಕೆಲಸಕ್ಕೆ ಮುಟ್ಟಕೂಡದು ಎಂದೂ ಬರೆದರು. ನಾಲ್ಕು ವರ್ಷಕ್ಕೆ, 2007ರ ಬಜೆಟ್ಟಿನಲ್ಲಿ, ಅದೇ ರಾಜ್ಯ ಅದರಿಂದ 20 ಕೋಟಿ ಡಾಲರ್ ಎತ್ತಿ ಬಡವರ ವೈದ್ಯಕೀಯ ನೆರವಿನ ಖಾತೆಗೆ ಹಾಕಿತು. ಪೆನ್ಸಿಲ್ವೇನಿಯಾ ಕೂಡ 2009ರಲ್ಲಿ ತನ್ನ ನಿಧಿಗೆ ಇಂಥದ್ದೇ ಕೈ ಹಾಕಿತು; ಕೊರತೆಯ ಬಜೆಟ್ಟಿನ ಕಣ್ಣಿಗೆ ತುಂಬಿದ ನಿಧಿ ಬೀಳುವುದು ಹೊಸದೇನಲ್ಲ. ವಿಸ್ಕಾನ್ಸಿನ್ ವೈದ್ಯರ ಸಂಘ ದಾವೆ ಹೂಡಿತು. 2010ರಲ್ಲಿ ಸುಪ್ರೀಂ ಕೋರ್ಟ್, ನಿಧಿಯಲ್ಲಿ ವೈದ್ಯರಿಗೆ ಸಂವಿಧಾನ ರಕ್ಷಿಸುವ ಆಸ್ತಿಹಕ್ಕಿದೆ, ಪರಿಹಾರ ಕೊಡದೆ ಅದನ್ನು ಕಿತ್ತುಕೊಂಡದ್ದು ತಪ್ಪು ಎಂದಿತು. ಹಣ ಹಿಂದಿರುಗಿತು. ಮಾದರಿ ರಾಜ್ಯದ ಕೀರ್ತಿಗೆ ಇನ್ನೊಂದು ಗರಿ ಸಿಕ್ಕಿತು.

ತೀರ್ಪು ಸರಿಯೇ. ಆದರೆ ಅದರ ತರ್ಕವನ್ನು ಗಮನಿಸಿ. ವೈದ್ಯರು ಶುಲ್ಕ ಕಟ್ಟಿದ್ದಾರೆ. ನಿಧಿ ಭದ್ರವಾಗಿರಬೇಕು, ಅದರ ಹೂಡಿಕೆಯ ಗಳಿಕೆ ತಮ್ಮ ಮುಂದಿನ ಶುಲ್ಕವನ್ನು ತಗ್ಗಿಸಬೇಕು ಎಂದು ಕೇಳುವ ಹಕ್ಕು ಅವರಿಗಿದೆ. ಹೀಗೆ ಶುಲ್ಕ ಇಳಿಯುವುದು ಬರಿಯ ನೀತಿಯಾಗಿ ಉಳಿಯದೆ ಕಟ್ಟುವವರ ಆಸ್ತಿಯಾಯಿತು. ಹೆಸರಿನಲ್ಲಿ ರೋಗಿ, ಒಡೆತನದಲ್ಲಿ ವೈದ್ಯ. ಮೇಯೊ ದಂಪತಿಗೆ 7,50,000ಕ್ಕಿಂತ ಹೆಚ್ಚು ಇಲ್ಲ ಎಂದು ಕೋರ್ಟಿನಲ್ಲಿ ವಾದಿಸಿ ಗೆದ್ದ ಪಕ್ಷಗಾರ ಯಾರು ಎಂದು ನೋಡಿದರೆ, ಗಾಯಗೊಂಡ ರೋಗಿಗಳು ಮತ್ತು ಕುಟುಂಬಗಳ ಹೆಸರಿನ ಆ ನಿಧಿಯೇ.

ಶುಲ್ಕಕ್ಕೆ ಒಪ್ಪಿಗೆ ಕೊಡುವ ಮಂಡಳಿಯಲ್ಲಿ ಹದಿಮೂರು ಕುರ್ಚಿಗಳಿವೆ. ವಿಮಾ ಉದ್ಯಮಕ್ಕೆ ಮೂರು, ವೈದ್ಯರ ಸಂಘಕ್ಕೆ ಎರಡು, ಆಸ್ಪತ್ರೆಗಳಿಗೆ ಒಂದು, ವಕೀಲರ ಎರಡು ಸಂಘಗಳಿಗೆ ಒಂದೊಂದು, ಆಯುಕ್ತರಿಗೆ ಒಂದು, ಸಾರ್ವಜನಿಕರಿಗೆ ನಾಲ್ಕು. ಈ ನಾಲ್ವರಲ್ಲಿ ಇಬ್ಬರಾದರೂ ವೈದ್ಯರೋ ವಕೀಲರೋ ಆಗಿರಬಾರದು ಎಂಬುದು ನಿಬಂಧನೆ. ಪರಿಹಾರ ಪಡೆದ ಕುಟುಂಬದವರೊಬ್ಬರು ಇರಲೇಬೇಕು ಎಂಬುದಿಲ್ಲ. ಮೆದುಳಿಗೆ ಪೆಟ್ಟಾಗಿ ಹುಟ್ಟುವ ಶಿಶುಗಳಿಗೆಂದು 1988ರಿಂದ ನಿಧಿ ನಡೆಸುತ್ತಿರುವ ಫ್ಲಾರಿಡಾವನ್ನು ಯಾರೂ ಮಾದರಿ ಎಂದು ಕರೆಯುವುದಿಲ್ಲ. ಪತ್ರಿಕೆಗಳು ಅದರ ಜಿಪುಣತನವನ್ನು ಬಯಲಿಗೆಳೆದ ಮೇಲೆ, 2021ರಲ್ಲಿ ಅಲ್ಲಿನ ಶಾಸಕಾಂಗ ಕಾನೂನು ತಿದ್ದಿ, ಆ ಮಕ್ಕಳ ಪೋಷಕರಲ್ಲಿ ಒಬ್ಬರಿಗೆ ಮಂಡಳಿಯಲ್ಲಿ ಜಾಗ ಕೊಟ್ಟಿತು.