ಹತ್ತು ವರ್ಷ ಓಡಿಸಿದವರ ಮಾತು: ಎಷ್ಟು ನಂಬಬಹುದು?

ಕಳೆದ ವರ್ಷ ನಮ್ಮ ವಿಭಾಗದ ಕಿರಿಯ ಅಧ್ಯಾಪಕರೊಬ್ಬರು ಬಂದು, "ಸರ್, 2014ರ ಇಟಿಯೋಸ್ ಒಂದು ಮಾರಾಟಕ್ಕಿದೆ. ನೀವು ಹತ್ತು ವರ್ಷಕ್ಕೂ ಮೇಲ್ಪಟ್ಟು ಅದೇ ಕಾರು ಓಡಿಸುತ್ತಿದ್ದೀರಿ. ತೆಗೆದುಕೊಳ್ಳಬಹುದೆ?" ಎಂದು ಕೇಳಿದರು. ನಾನು ಹಿಂದೆಮುಂದೆ ನೋಡದೆ, "ಗಟ್ಟಿಮುಟ್ಟಾದ ಗಾಡಿಯೇನೋ ಹೌದು. ಆದರೆ ವಯಸ್ಸಾದ ಹಾಗೆ ಪೆಟ್ರೋಲ್ ಕುಡಿಯುತ್ತದೆ, ಬೇಡ" ಎಂದುಬಿಟ್ಟೆ. ಅವರು ನನ್ನ ಮಾತು ನಂಬಿ, ಮುಂಗಡ ಕೊಡದೆ ಹಿಂದೆ ಸರಿದರು. ವಾರದ ನಂತರ ಪೆಟ್ರೋಲ್ ಲೆಕ್ಕ ಬರೆದಿಟ್ಟಿದ್ದ ನನ್ನ ಪುಸ್ತಕವನ್ನು ತೆರೆದಾಗ, ನಾನು ಹೇಳಿದ್ದಕ್ಕೆ ಸರಿಯಾದ ಆಧಾರವೇ ಇಲ್ಲವೆಂಬುದು ತಿಳಿಯಿತು. ಭೌತವಿಜ್ಞಾನ ಪಾಠ ಮಾಡುವ ನಾನೇ ಹೀಗೆ ಮಾಡಿದರೆ ಉಳಿದವರ ಗತಿಯೇನು?

ಕಾರು ಕೊಳ್ಳುವವರು ಕಂಪನಿಯ ಜಾಹೀರಾತಿಗಿಂತ ಹೆಚ್ಚಾಗಿ ನಂಬುವುದು ಅದನ್ನು ಬಹುಕಾಲ ಓಡಿಸಿದವರ ಅನುಭವವನ್ನು. ಮೋಟಾರು ಪತ್ರಿಕೆಗಳ ಓದುಗರ ಅಂಕಣ, ಟ್ಯಾಕ್ಸಿ ನಿಲ್ದಾಣ, ಅಧ್ಯಾಪಕರ ಕೊಠಡಿ, ಮದುವೆ ಮನೆಯ ಊಟದ ಪಂಕ್ತಿ, ಎಲ್ಲೆಡೆಯೂ ಇಂತಹ ಮಾತು ಸಿಗುತ್ತದೆ. ಅದು ಬೆಲೆಯುಳ್ಳದ್ದು, ಏಕೆಂದರೆ ಹತ್ತು ವರ್ಷಗಳ ಪ್ರಯೋಗವನ್ನು ಯಾವ ಪ್ರಯೋಗಾಲಯವೂ ಉಚಿತವಾಗಿ ಮಾಡಿಕೊಡುವುದಿಲ್ಲ. ಆದರೆ ಈ ಪ್ರಯೋಗದಲ್ಲಿ ಅಳತೆಯ ದೋಷ, ಒಟ್ಟೊಟ್ಟಿಗೆ ಬದಲಾಗುವ ಅಂಶಗಳು, ಆಯ್ಕೆಯ ಪಕ್ಷಪಾತ ಮೂರೂ ತುಂಬಿವೆ. ಅನುಭವದ ಯಾವ ಮಾತನ್ನು ಒಪ್ಪಬೇಕು, ಯಾವುದನ್ನು ಲೆಕ್ಕಕ್ಕೆ ಒಡ್ಡಬೇಕು ಎಂಬುದನ್ನು ಇಟಿಯೋಸ್ ಕಾರಿನ ಉದಾಹರಣೆಯಿಂದಲೇ ಪರಿಶೀಲಿಸೋಣ.

ಎರಡು ತೀರ್ಪುಗಳು

ಟೊಯೋಟಾ ಇಟಿಯೋಸ್ ನಮ್ಮ ಬಿಡದಿಯಲ್ಲಿ ತಯಾರಾದ ಕಾರು. 2010ರ ಡಿಸೆಂಬರಿನಲ್ಲಿ ಮಾರುಕಟ್ಟೆಗೆ ಬಂದಾಗ ಅದರ ಆರಂಭಿಕ ಬೆಲೆ ಐದು ಲಕ್ಷ ರೂಪಾಯಿಗೆ ತುಸು ಕಡಿಮೆ ಇತ್ತು. 1496 ಸಿ.ಸಿ. ಪೆಟ್ರೋಲ್ ಎಂಜಿನ್, 4265 ಮಿ.ಮೀ. ಉದ್ದ, 595 ಲೀಟರಿನ ಡಿಕ್ಕಿ. ಮರುವರ್ಷ 1364 ಸಿ.ಸಿ.ಯ ಡೀಸೆಲ್ ಮಾದರಿಯೂ ಬಂದಿತು. 2020ರಲ್ಲಿ ಬಿ.ಎಸ್.-6 ಮಾನಕ ಜಾರಿಯಾದಾಗ ಇದರ ಮಾರಾಟ ನಿಂತಿತು. ಹಾಗಾಗಿ ಈಗ ಸಿಗುವ ಇಟಿಯೋಸ್‌ಗಳೆಲ್ಲ ಹಳೆಯವೇ. ಕೊಳ್ಳುವವರಿಗೆ ಮಾಲೀಕರ ಅನುಭವವೇ ಮುಖ್ಯ ದಾರಿ.

ಬಂದ ಹೊಸತರಲ್ಲಿ ವಿಮರ್ಶಕರು ಈ ಕಾರಿನ ಒಳಭಾಗದ ಪ್ಲಾಸ್ಟಿಕ್ ಸಾಧಾರಣವೆಂದರು. ವೇಗಮಾಪಕ ಚಾಲಕನ ಎದುರಿಗಿಲ್ಲದೆ ಡ್ಯಾಶ್‌ಬೋರ್ಡಿನ ನಡುವೆ ಇದೆಯೆಂದು ಆಕ್ಷೇಪಿಸಿದರು. ಮುಂದಿನ ಗಾಜಿಗೆ ಒಂದೇ ವೈಪರ್ ಎಂದು ಹುಬ್ಬೇರಿಸಿದರು. ಬಹುಕಾಲ ಓಡಿಸಿದವರ ಮಾತಿನಲ್ಲಿ ಇವು ಹೆಚ್ಚು ಕೇಳಿಬರುವುದಿಲ್ಲ. ಅವರು ಹೇಳುವುದು ಹಿಂದಿನ ಸೀಟಿನ ಜಾಗ, ಡಿಕ್ಕಿಯ ಅಳತೆ, ಎಂಜಿನ್ ಕೈಕೊಡದಿರುವುದು ಇವುಗಳ ಬಗ್ಗೆ. ಟ್ಯಾಕ್ಸಿ ಚಾಲಕರು ಈ ಕಾರನ್ನು ಮೆಚ್ಚಿಕೊಂಡದ್ದೂ ಇದಕ್ಕೇ.

ಎರಡೂ ತೀರ್ಪುಗಳು ಸರಿಯೇ. ವಿಮರ್ಶಕ ಅಳೆದದ್ದು ಮೊದಲ ದಿನದ ಗ್ರಹಿಕೆಯನ್ನು, ಮಾಲೀಕ ಅಳೆದದ್ದು ರೂಢಿಯಾದ ಮೇಲಿನ ಉಪಯೋಗವನ್ನು. ಕಣ್ಣು ನಡುವಿನ ವೇಗಮಾಪಕಕ್ಕೆ ಕೆಲವೇ ವಾರಗಳಲ್ಲಿ ಹೊಂದಿಕೊಳ್ಳುತ್ತದೆ. ಡಿಕ್ಕಿಯ ಗಾತ್ರ ಮಾತ್ರ ಯಾವ ರೂಢಿಯಿಂದಲೂ ಹಿಗ್ಗುವುದಿಲ್ಲ. ನಾಲ್ಕು ಮೀಟರಿಗಿಂತ ಗಿಡ್ಡವಾದ ಸಣ್ಣ ಕಾರುಗಳಿಗೆ 2006ರ ಕೇಂದ್ರ ಬಜೆಟ್ಟು ಅಬಕಾರಿ ಸುಂಕ ಇಳಿಸಿತು. ಆ ಮಿತಿಯೊಳಗೆ ಬರಲು 2012ರಲ್ಲಿ ಮಾರುತಿ ಡಿಸೈರ್ 3995 ಮಿ.ಮೀ.ಗೆ ಮೊಟಕಾದಾಗ ಅದರ ಡಿಕ್ಕಿ 316 ಲೀಟರಿಗೆ ಇಳಿಯಿತು. ಜಾಗ, ಸೀಟಿನ ಸುಖ, ಬಿಡಿಭಾಗಗಳ ಬೆಲೆ, ರಿಪೇರಿಯ ಅನುಕೂಲ ಇಂತಹ ವಿಷಯಗಳಲ್ಲಿ ಮಾಲೀಕನೇ ಒಳ್ಳೆಯ ಸಾಕ್ಷಿ. ಅವನ್ನು ಆತ ದಿನವೂ ನೋಡುತ್ತಾನೆ, ನೆನಪೂ ಅಷ್ಟಾಗಿ ಮೋಸ ಮಾಡುವುದಿಲ್ಲ. ತೊಡಕು ಶುರುವಾಗುವುದು ಸಂಖ್ಯೆಗಳಿಂದ.

ಲೀಟರಿಗೆ ಎಷ್ಟು?

"ಹದಿನೆಂಟು ಕೊಡುತ್ತದೆ" ಎನ್ನುವವರನ್ನು ಹೇಗೆ ಅಳೆದಿರೆಂದು ಕೇಳಿ ನೋಡಿ. ಬಹುಮಟ್ಟಿಗೆ ಒಮ್ಮೆ ಟ್ಯಾಂಕ್ ತುಂಬಿಸಿ, ಮತ್ತೊಮ್ಮೆ ತುಂಬಿಸುವಾಗ ಹಿಡಿದ ಲೀಟರುಗಳಿಂದ ದೂರವನ್ನು ಭಾಗಿಸಿರುತ್ತಾರೆ. ವಿಧಾನ ಸರಿ. ಆದರೆ ಬಂಕಿನ ನಳಿಕೆ ಪ್ರತಿಸಲವೂ ಒಂದೇ ಮಟ್ಟದಲ್ಲಿ ನಿಲ್ಲುವುದಿಲ್ಲ. ವ್ಯತ್ಯಾಸ ಒಂದು ಲೀಟರು ಎಂದಿಟ್ಟುಕೊಳ್ಳೋಣ. ಹತ್ತು ಲೀಟರು ಹಾಕಿಸಿ ಲೆಕ್ಕ ಮಾಡಿದರೆ ದೋಷ ಶೇ. 10, ಮೂವತ್ತೈದು ಲೀಟರಿಗೆ ಮಾಡಿದರೆ ಸುಮಾರು ಶೇ. 3. ಹತ್ತು ಸಲ ತುಂಬಿಸಿದ ಒಟ್ಟು ಮೊತ್ತದಿಂದ ಲೆಕ್ಕ ಹಾಕಿದರೆ ದೋಷ ಶೇ. 1ಕ್ಕಿಂತಲೂ ಕಡಿಮೆ, ಏಕೆಂದರೆ ಮೊದಲ ಮತ್ತು ಕೊನೆಯ ಮಟ್ಟಗಳ ವ್ಯತ್ಯಾಸ ಮಾತ್ರ ಉಳಿಯುತ್ತದೆ. ಹೀಗಿರುವಾಗ ಒಂದೇ ಅಳತೆಯಿಂದ "17.83" ಎನ್ನುವುದರಲ್ಲಿ ಕೊನೆಯ ಎರಡು ಅಂಕಿಗಳಿಗೆ ಅರ್ಥವಿಲ್ಲ.

ದೂರದ ಅಳತೆಯೂ ಸ್ಥಿರವಲ್ಲ. ಕಾರು ಎಣಿಸುವುದು ಚಕ್ರದ ಸುತ್ತುಗಳನ್ನು. ಹೊಸ ಟೈರಿನ ಅಚ್ಚು ಸುಮಾರು 8 ಮಿ.ಮೀ. ಆಳವಿರುತ್ತದೆ, 1.6 ಮಿ.ಮೀ.ಗೆ ಸವೆದಾಗ ಬದಲಿಸಬೇಕು. ಸುಮಾರು 300 ಮಿ.ಮೀ. ತ್ರಿಜ್ಯದಲ್ಲಿ 6 ಮಿ.ಮೀ. ಕಳೆದರೆ ಶೇ. 2ರಷ್ಟು ಹೆಚ್ಚು ಸುತ್ತು. ಅಂದರೆ ಸವೆದ ಟೈರಿನ ಕಾರು ಓಡದ ದೂರವನ್ನೂ ಓಡಿದೆನೆಂದು ತೋರಿಸುತ್ತದೆ. ಹೊಸ ಟೈರು ಹಾಕಿಸಿದ ಮೇಲೆ ಮೈಲೇಜ್ ಇಳಿಯಿತೆಂಬ ದೂರಿನ ಒಂದು ಪಾಲಿಗೆ ಇದೇ ಕಾರಣ.

ಕಂಪನಿ ಹೇಳಿದ್ದು ಸಿಗಲಿಲ್ಲವೆಂಬ ದೂರನ್ನೂ ಎಚ್ಚರದಿಂದ ಕೇಳಬೇಕು. ಪೆಟ್ರೋಲ್ ಇಟಿಯೋಸ್‌ಗೆ ಆರಂಭದಲ್ಲಿ ಪ್ರಮಾಣೀಕರಿಸಿದ್ದು ಲೀಟರಿಗೆ 17.6 ಕಿ.ಮೀ. ಆ ಪರೀಕ್ಷೆ ನಡೆಯುವುದು ರಸ್ತೆಯಲ್ಲಲ್ಲ, ಉರುಳೆಗಳ ಮೇಲೆ. ವೇಗ ಗಂಟೆಗೆ 90 ಕಿ.ಮೀ. ಮೀರುವುದಿಲ್ಲ. ಕಾರು ಕಾರುಗಳನ್ನು ಹೋಲಿಸಲು ಅದು ಅಳತೆಗೋಲು. ನಿಮ್ಮ ರಸ್ತೆಗೆ ಕೊಟ್ಟ ವಾಗ್ದಾನವಲ್ಲ.

ವಯಸ್ಸೋ, ವೇಗವೋ?

ಈಗ ನನ್ನ ತಪ್ಪಿಗೆ ಬರೋಣ. ನನ್ನ ಓಡಾಟ ಹೆಚ್ಚಾಗಿ ಮೈಸೂರು-ಬೆಂಗಳೂರು ನಡುವೆ. ಹಲವು ವರ್ಷ ಲೀಟರಿಗೆ 17 ಕಿ.ಮೀ. ಆಸುಪಾಸಿನಲ್ಲಿದ್ದ ಸರಾಸರಿ, 2023ರ ನಂತರ 14.5ರ ಬಳಿಗೆ ಬಂದಿತ್ತು. ಕಾರಿಗೆ ಹತ್ತು ದಾಟಿತ್ತು, ಹಾಗಾಗಿ ವಯಸ್ಸೇ ಕಾರಣ ಎಂದುಕೊಂಡೆ. ಆದರೆ ಅದೇ ಅವಧಿಯಲ್ಲಿ ಇನ್ನೆರಡು ಬದಲಾವಣೆಗಳಾಗಿದ್ದವು.

ಮೊದಲನೆಯದು ರಸ್ತೆ. 2023ರ ಮಾರ್ಚಿನಲ್ಲಿ ಹೊಸ ಹೆದ್ದಾರಿ ಉದ್ಘಾಟನೆಯಾಯಿತು. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ ಎಲ್ಲವೂ ಪಕ್ಕಕ್ಕೆ ಸರಿದವು. ನಿಂತು ಹೊರಡುವುದು ತಪ್ಪಿತು. ಕಾಲು ತಾನಾಗಿಯೇ ವೇಗವನ್ನು 100 ಕಿ.ಮೀ.ಗೆ ಏರಿಸಿತು. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಈ ಗಾತ್ರದ ಕಾರಿನ ಮುಖವಿಸ್ತೀರ್ಣವನ್ನು 2.1 ಚದರ ಮೀಟರ್, ತಡೆಯ ಗುಣಾಂಕವನ್ನು 0.32, ನಮ್ಮ ಎತ್ತರದಲ್ಲಿ ಗಾಳಿಯ ಸಾಂದ್ರತೆಯನ್ನು ಘನ ಮೀಟರಿಗೆ 1.1 ಕಿ.ಗ್ರಾಂ. ಎಂದು ಅಂದಾಜಿಸಿದರೆ, ಗಂಟೆಗೆ 80 ಕಿ.ಮೀ.ನಲ್ಲಿ ಗಾಳಿಯ ತಡೆ ಸುಮಾರು 180 ನ್ಯೂಟನ್, 100ರಲ್ಲಿ 285. ಇದಕ್ಕೆ ಟೈರುಗಳ ಉರುಳು ಘರ್ಷಣೆ ಸುಮಾರು 140 ನ್ಯೂಟನ್ ಸೇರಿಸಿದರೆ ಒಟ್ಟು 320 ಮತ್ತು 425. ಪ್ರತಿ ಕಿಲೋಮೀಟರಿಗೆ ಬೇಕಾಗುವ ಕೆಲಸ ಮೂರನೆಯ ಒಂದರಷ್ಟು ಹೆಚ್ಚಿತು! ಭಾರ ಹೆಚ್ಚಾದಾಗ ಪೆಟ್ರೋಲ್ ಎಂಜಿನ್ನಿನ ದಕ್ಷತೆಯೂ ತುಸು ಹೆಚ್ಚುವುದರಿಂದ ಇಂಧನದ ಖರ್ಚು ಅಷ್ಟೇ ಪ್ರಮಾಣದಲ್ಲಿ ಏರುವುದಿಲ್ಲ. ಆದರೂ ಏರಿಕೆ ಗಣನೀಯ.

ಹಳೆಯ ರಸ್ತೆಯಲ್ಲಿ ನಿಂತು ನಿಂತು ಹೋಗುತ್ತಿದ್ದೆವಲ್ಲ, ಅದರ ನಷ್ಟವೆಲ್ಲಿ ಎಂದು ವಿದ್ಯಾರ್ಥಿಗಳು ಕೇಳಬಹುದು. ಒಳ್ಳೆಯ ಪ್ರಶ್ನೆ. ಪ್ರಯಾಣಿಕರೂ ಸೇರಿ 1200 ಕಿ.ಗ್ರಾಂ. ತೂಗುವ ಕಾರು 60 ಕಿ.ಮೀ. ವೇಗದಲ್ಲಿದ್ದಾಗ ಅದರ ಚಲನಶಕ್ತಿ ಸುಮಾರು 167 ಕಿಲೋಜೂಲ್. ಬ್ರೇಕ್ ಒತ್ತಿದಾಗ ಇದೆಲ್ಲ ಶಾಖವಾಗಿ ಹೋಗುತ್ತದೆ. ಅದೇ ವೇಗದಲ್ಲಿ 700 ಮೀಟರ್ ಸಾಗಲು ಬೇಕಾಗುವಷ್ಟು ಶಕ್ತಿ ಇದು. ಸುಮಾರು 119 ಕಿ.ಮೀ. ದಾರಿಯಲ್ಲಿ ನಲವತ್ತು ಸಲ ನಿಂತರೂ ಒಟ್ಟು ಕೆಲಸ 36 ಮೆಗಾಜೂಲ್ ಆಗುತ್ತದೆ. ಹೊಸ ರಸ್ತೆಯಲ್ಲಿ ನಿಲ್ಲದೆ 80ರಲ್ಲಿ ಹೋದರೆ 38, 100ರಲ್ಲಿ ಹೋದರೆ 51. ನಿಂತಾಗ ಎಂಜಿನ್ ಸುಡುವ ಪೆಟ್ರೋಲನ್ನೂ ಗಣಿಸಿದರೆ ಮೊದಲೆರಡು ಹೆಚ್ಚುಕಡಿಮೆ ಸಮ. ಮೂರನೆಯದು ನಾವು ಉಳಿಸಿದ ಸಮಯಕ್ಕೆ ತೆತ್ತ ಬೆಲೆ.

ಎರಡನೆಯದು ಇಂಧನ. ಪೆಟ್ರೋಲಿಗೆ ಬೆರೆಸುವ ಎಥನಾಲ್ 2022ರಲ್ಲಿ ಶೇ. 10 ಇದ್ದದ್ದು 2025ರ ಹೊತ್ತಿಗೆ ಶೇ. 20 ಆಯಿತು. ಲೀಟರ್ ಪೆಟ್ರೋಲಿನಲ್ಲಿ ಸುಮಾರು 32 ಮೆಗಾಜೂಲ್ ಶಕ್ತಿಯಿದ್ದರೆ ಎಥನಾಲ್‌ನಲ್ಲಿರುವುದು 21. ಶೇ. 10ರಿಂದ 20ಕ್ಕೆ ಹೋದಾಗ ಮಿಶ್ರಣದ ಶಕ್ತಿ ಸುಮಾರು ಶೇ. 3.5 ಇಳಿಯುತ್ತದೆ. 17ರಲ್ಲಿ ಶೇ. 3.5 ಕಳೆದರೆ 16.4.

ಲೆಕ್ಕ ಇಷ್ಟು ಹೇಳಿದ ಮೇಲೆ ಪ್ರಯೋಗವೊಂದೇ ಉಳಿದಿತ್ತು. ನಾಲ್ಕು ಸಲ ಎಡಪಥದಲ್ಲಿ, 80 ಮೀರದಂತೆ ಓಡಿಸಿದೆ. ಒಂದೇ ಬಂಕಿನಲ್ಲಿ ತುಂಬಿಸಿ, ಒಟ್ಟು ಲೆಕ್ಕ ಹಾಕಿದೆ. ಬಂದದ್ದು 16.3. ವಯಸ್ಸಿನ ಪಾಲು ಏನಾದರೂ ಇದ್ದರೆ ಅದು ನನ್ನ ಅಳತೆಯ ದೋಷದೊಳಗೆ ಅಡಗುವಷ್ಟು ಸಣ್ಣದು. ಕಾರಿನ ಮೇಲೆ ಹೊರಿಸಿದ್ದ ಆರೋಪ ನನ್ನ ಬಲಗಾಲಿಗೆ ಸೇರಬೇಕಾದದ್ದಾಗಿತ್ತು.

ಮಾತನಾಡದವರ ಅನುಭವ

ಇನ್ನೊಂದು ದೋಷವನ್ನು ಎಷ್ಟು ಎಚ್ಚರದಿಂದ ಅಳೆದರೂ ನಿವಾರಿಸಲಾಗದು. "ಹತ್ತು ವರ್ಷ, ಒಂದು ತೊಂದರೆಯಿಲ್ಲ" ಎನ್ನುವವರು ಹತ್ತು ವರ್ಷ ಕಾರನ್ನು ಇಟ್ಟುಕೊಂಡವರು. ಬೇಸತ್ತು ಮೂರನೆಯ ವರ್ಷ ಮಾರಿದವರು ಈ ಪಂಕ್ತಿಯಲ್ಲಿ ಕೂತೇ ಇಲ್ಲ. ಎರಡನೆಯ ಮಹಾಯುದ್ಧದಲ್ಲಿ ಸಂಖ್ಯಾವಿಜ್ಞಾನಿ ಅಬ್ರಹಾಂ ವಾಲ್ಡ್ ಎದುರಿಸಿದ್ದು ಇಂತಹದೇ ಪ್ರಶ್ನೆಯನ್ನು. ಮರಳಿ ಬಂದ ವಿಮಾನಗಳ ಮೇಲಿನ ಗುಂಡಿನ ಗುರುತುಗಳಿಂದ, ಮರಳದ ವಿಮಾನಗಳಿಗೆ ಏಟು ಎಲ್ಲಿ ಬಿದ್ದಿರಬೇಕೆಂದು ಊಹಿಸುವುದು ಹೇಗೆ? ಕಣ್ಣಿಗೆ ಬೀಳದ ವಿಮಾನಗಳನ್ನೂ ಲೆಕ್ಕಕ್ಕೆ ತಂದದ್ದು ಆತನ ಹೆಚ್ಚುಗಾರಿಕೆ. ಇದೇ ವಾಲ್ಡ್ 1950ರ ಡಿಸೆಂಬರಿನಲ್ಲಿ ಉಪನ್ಯಾಸಗಳಿಗಾಗಿ ಭಾರತಕ್ಕೆ ಬಂದಿದ್ದಾಗ ನೀಲಗಿರಿಯಲ್ಲಿ ನಡೆದ ವಿಮಾನ ಅಪಘಾತದಲ್ಲಿ ತೀರಿಕೊಂಡದ್ದು ವಿಧಿಯ ವಿಪರ್ಯಾಸ.

ಟ್ಯಾಕ್ಸಿಯ ಸಾಕ್ಷ್ಯವನ್ನು ಮನೆಯ ಕಾರಿಗೆ ಹಾಗೆಯೇ ಅನ್ವಯಿಸುವುದೂ ತಪ್ಪು. ದಿನವಿಡೀ ಓಡುವ ಎಂಜಿನ್ ಬಿಸಿಯಾಗಿಯೇ ಇರುತ್ತದೆ. ಬೆಳಿಗ್ಗೆ ಎರಡು ಕಿ.ಮೀ. ಶಾಲೆಗೆ ಹೋಗಿ ನಿಲ್ಲುವ ಎಂಜಿನ್ ಪ್ರತಿಸಲವೂ ತಣ್ಣಗಿನಿಂದ ಶುರುವಾಗಬೇಕು. ಕಿಲೋಮೀಟರ್ ಲೆಕ್ಕದಲ್ಲಿ ಅದರ ಸವೆತ ಹೆಚ್ಚು. ರಬ್ಬರ್ ಕೊಳವೆ, ಬ್ಯಾಟರಿಗಳಿಗಂತೂ ದೂರಕ್ಕಿಂತ ಕಾಲವೇ ಶತ್ರು.

ಅನುಭವ ಹೇಳಲಾರದ ವಿಷಯ

ಎಲ್ಲಕ್ಕಿಂತ ಗಂಭೀರವಾದದ್ದು ಸುರಕ್ಷತೆ. "ಬಾಗಿಲು ಹಾಕಿದರೆ ಧಡ್ ಎನ್ನಬೇಕು", "ತಗಡು ತೆಳು, ಒತ್ತಿದರೆ ಬಗ್ಗುತ್ತದೆ" ಎಂದು ಮಾಲೀಕರು ಧೈರ್ಯದಿಂದ ತೀರ್ಪು ಕೊಡುತ್ತಾರೆ. ಹೊರತಗಡು ಅಪಘಾತದ ಹೊರೆ ಹೊರುವ ಭಾಗವೇ ಅಲ್ಲ. ಆ ಕೆಲಸ ಒಳಗಿನ ಚೌಕಟ್ಟಿನದು. 64 ಕಿ.ಮೀ. ವೇಗದ ಕಾರು 60 ಸೆಂ.ಮೀ. ಮುದುಡಿ ನಿಂತರೆ ವೇಗ ಇಳಿಯುವ ದರ ಗುರುತ್ವದ ಸುಮಾರು 27 ಪಟ್ಟು, 30 ಸೆಂ.ಮೀ.ನಲ್ಲೇ ನಿಂತರೆ 54 ಪಟ್ಟು. ಮೂತಿ ಮುದುಡಬೇಕು, ಕೂತ ಜಾಗ ಮುದುಡಬಾರದು.

ಇದನ್ನು ಹತ್ತು ವರ್ಷ ಓಡಿಸಿಯೂ ಅರಿಯಲಾಗದು. 2014ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಫೋಕ್ಸ್‌ವ್ಯಾಗನ್ ಪೋಲೊ ಕಾರನ್ನು ಗಾಳಿಚೀಲಗಳಿಲ್ಲದೆ ಪರೀಕ್ಷಿಸಿದಾಗ ಸಿಕ್ಕದ್ದು ಸೊನ್ನೆ ನಕ್ಷತ್ರ, ಎರಡು ಗಾಳಿಚೀಲಗಳೊಂದಿಗೆ ನಾಲ್ಕು. ಎರಡು ಬಗೆಯ ಪೋಲೊ ಮಾಲೀಕರ ದೈನಂದಿನ ಅನುಭವದಲ್ಲಿ ಮಾತ್ರ ಯಾವ ವ್ಯತ್ಯಾಸವೂ ಇರುತ್ತಿರಲಿಲ್ಲ! ನಮ್ಮಲ್ಲಿ ಚಾಲಕನ ಗಾಳಿಚೀಲ ಕಡ್ಡಾಯವಾದದ್ದು 2019ರ ಜುಲೈಯಲ್ಲಿ. ಅದಕ್ಕಿಂತ ಹಳೆಯ ಕಾರು ಕೊಳ್ಳುವವರು ಗಾಳಿಚೀಲಗಳೆಷ್ಟು, ಎ.ಬಿ.ಎಸ್. ಇದೆಯೆ ಎಂದು ಕಣ್ಣಾರೆ ನೋಡಬೇಕು. "ನಮಗೇನೂ ಆಗಿಲ್ಲ" ಎಂಬ ಮಾತಿಗೆ ಇಲ್ಲಿ ಬೆಲೆಯಿಲ್ಲ.

ನಾನು ಆ ಕಿರಿಯ ಮಿತ್ರರನ್ನು ಕರೆದು ಲೆಕ್ಕದ ಹಾಳೆಗಳನ್ನು ಮುಂದಿಟ್ಟೆ. "ಪೆಟ್ರೋಲ್ ಬಗ್ಗೆ ನಾನು ಹೇಳಿದ್ದು ತಪ್ಪು. ನಿಮ್ಮ ಓಡಾಟ ಎಷ್ಟು, ಯಾವ ವೇಗದಲ್ಲಿ ಎಂದು ಮೊದಲು ಬರೆದುಕೊಳ್ಳಿ. 2029ಕ್ಕೆ ಅದಕ್ಕೆ ಹದಿನೈದು ವರ್ಷ ತುಂಬುತ್ತದೆ, ನೋಂದಣಿ ನವೀಕರಿಸಬೇಕು. ಆ ಖರ್ಚನ್ನೂ ಸೇರಿಸಿ. ಗಾಳಿಚೀಲ ನೋಡಿ" ಎಂದೆ. ಅಷ್ಟರಲ್ಲಿ ಆ ಕಾರು ಬೇರೆಯವರ ಪಾಲಾಗಿತ್ತು. ಅವರು ನಕ್ಕು, "ಹೋಗಲಿ ಬಿಡಿ ಸರ್, ಮುಂದಿನದಕ್ಕೆ ಆಯಿತು" ಎಂದು ಹಾಳೆಗಳನ್ನು ತೆಗೆದುಕೊಂಡು ಹೋದರು.

ಅಧ್ಯಾಪಕರು ಇದನ್ನು ತರಗತಿಯ ಚಟುವಟಿಕೆಯಾಗಿ ಮಾಡಿಸಬಹುದು. ವಿದ್ಯಾರ್ಥಿಗಳು ಮನೆಯ ಸ್ಕೂಟರ್ ಅಥವಾ ಕಾರಿಗೆ ಹತ್ತು ಸಲ ಇಂಧನ ತುಂಬಿಸಿದ ದಾಖಲೆ ಇಡಲಿ: ದಿನಾಂಕ, ಲೀಟರು, ದೂರ, ದಾರಿ, ವೇಗ, ಟೈರಿನ ಗಾಳಿ. ಪುಸ್ತಕ ತೆರೆಯುವ ಮೊದಲು ತಂದೆಯವರನ್ನೋ ತಾಯಿಯವರನ್ನೋ "ಎಷ್ಟು ಕೊಡುತ್ತದೆ?" ಎಂದು ಕೇಳಿ, ಆ ಸಂಖ್ಯೆಯನ್ನೂ ಮೊದಲ ಪುಟದಲ್ಲಿ ಬರೆದಿಡಲಿ. ಎರಡರ ನಡುವಿನ ಅಂತರವೇ ಆ ದಿನದ ಪಾಠ.