‘ದೋಷಸಹಿಷ್ಣು’ ಶಬ್ದವಿಚಾರ

ದೂರವಾಣಿ ಮೊದಲಾದ ಸಂಪರ್ಕಜಾಲಗಳಲ್ಲಿ ಹರಿಯುವ ಸಂದೇಶಗಳ ಮೇಲೆ ಸದಾ ಕಣ್ಣಿಟ್ಟಿರುವ ಕಾವಲಿನ ಯಂತ್ರಗಳುಂಟು. ಒಂದಂಗ ಕೆಟ್ಟರೂ ಕಾರ್ಯ ಕೆಡದಂತೆ ರಚಿತವಾದುವನ್ನು ಇಂಗ್ಲಿಷಿನಲ್ಲಿ ‘ಫಾಲ್ಟ್ ಟಾಲರೆಂಟ್’ ಎನ್ನುವರು. ಇದನ್ನು ‘ದೋಷಸಹಿಷ್ಣು’ ಎಂದು ಕನ್ನಡಿಸುವುದರಿಂದ ಪದಕ್ಕೆ ಪದವಿಟ್ಟಂತಾಯಿತಲ್ಲದೆ ಅರ್ಥವನ್ನು ಮುಟ್ಟಿದಂತಾಯಿತೆ ಎಂಬುದು ವಿಚಾರಾರ್ಹವಾಗಿದೆ.

ಈ ಶಾಸ್ತ್ರಕ್ಕೆ ಲಕ್ಷಣಗ್ರಂಥದಂತಿರುವುದು ಆವಿಜಿಯೆನಿಸ್, ಲಾಪ್ರಿ, ರಾಂಡೆಲ್, ಲ್ಯಾಂಡ್‌ವೆರ್ ಎಂಬ ನಾಲ್ವರು 2004ರಲ್ಲಿ ಪ್ರಕಟಿಸಿದ ಪ್ರಬಂಧ. ಯಂತ್ರವು ಸಲ್ಲಿಸತಕ್ಕ ಸೇವೆ ತಪ್ಪಿದರೆ ಫೇಲ್ಯೂರ್. ಅದಕ್ಕೆ ಎಡೆಗೊಡಬಲ್ಲ ಒಳಗಿನ ಸ್ಥಿತಿ ಎರರ್. ಆ ಸ್ಥಿತಿಗೆ ಕಾರಣವೆಂದು ನಿರ್ಣಯಿಸಿದುದು ಅಥವಾ ಊಹಿಸಿದುದು ಫಾಲ್ಟ್ ಎಂದು ಅಲ್ಲಿ ವಿಭಾಗಿಸಿದೆ. ಇವಕ್ಕೆ ಕ್ರಮವಾಗಿ ವೈಫಲ್ಯ, ವಿಕಾರ, ದೋಷ ಎಂದರೆ ಸಾಲುವುದು. ವಾಡಿಕೆಯಲ್ಲಿ ಮೂರನ್ನೂ ದೋಷವೆಂದೇ ಕರೆದುಬಿಡುವುದರಿಂದ ಸೂಕ್ಷ್ಮವೆಲ್ಲ ಕೆಡುತ್ತದೆ. ಆಲಂಕಾರಿಕರಿಗೆ ಈ ವಿವೇಕವು ಹೊಸದಲ್ಲ. ಮಮ್ಮಟನು ಮುಖ್ಯಾರ್ಥಕ್ಕೆ ಹಾನಿಯಾದಲ್ಲಿಯೇ ದೋಷವನ್ನು ಕಂಡನು; ಆನಂದವರ್ಧನನು ಶ್ರುತಿದುಷ್ಟಾದಿಗಳನ್ನು ಅನಿತ್ಯದೋಷಗಳೆಂದು ಗಣಿಸಿ, ಶೃಂಗಾರವು ಪ್ರಧಾನವಾದಲ್ಲಿ ಹೇಯವೆಂದನು. ದೋಷತ್ವವು ಪ್ರಧಾನಪ್ರಯೋಜನವನ್ನು ಹಿಡಿದೇ ನಿಶ್ಚಯವಾಗುವುದೆಂದು ತಾತ್ಪರ್ಯ. ಯಂತ್ರಗಳ ಕ್ಷಣಿಕದೋಷವನ್ನು ಈ ಅನಿತ್ಯದೋಷದೊಡನೆ ಸಮೀಕರಿಸುವುದು ಮಾತ್ರ ಸಲ್ಲದು. ಅಲ್ಲಿ ಕಾಲದ ಮಾತು, ಇಲ್ಲಿ ರಸದ ಮಾತು.

ಕಾವಲಿನ ಯಂತ್ರಗಳಲ್ಲಿ ಕೆಲವು ತಂತಿಯ ನಡುವೆಯೇ ಕುಳಿತಿರುವುವು. ವಿದ್ಯುತ್ತು ನಿಂತೊಡನೆ ಒಂದು ಕೊಂಡಿಯು ತಂತಿಯ ಎರಡು ತುದಿಗಳನ್ನೂ ನೇರವಾಗಿ ಬೆಸೆಯುವುದರಿಂದ ಸಂದೇಶಗಳು ತಡೆಯಿಲ್ಲದೆ ಸಾಗುತ್ತವೆ. ತಂತಿಯ ಪಾಲಿಗೆ ಇದು ವೈಫಲ್ಯವಲ್ಲ. ಕಾವಲಿಟ್ಟವನ ಪಾಲಿಗೆ ಪೂರ್ಣವೈಫಲ್ಯ. ಕಾವಲುಗಾರನು ಮೂರ್ಛೆಹೋದರೂ ಬಾಗಿಲು ತೆರೆದೇ ಇದೆಯೆಂಬುದು ಮನೆಯವನಿಗೆ ಸಮಾಧಾನವೆ? ಒಂದೇ ಯಂತ್ರವು ಒಬ್ಬನಿಗೆ ದೋಷಸಹಿಷ್ಣು, ಇನ್ನೊಬ್ಬನಿಗೆ ಅಲ್ಲ. ಮೇಲಾಗಿ ಕಾವಲಿನ ಮೌನವು ಕ್ಷೇಮಸೂಚಕವೋ ಮರಣಸೂಚಕವೋ ತಿಳಿಯುವಂತಿಲ್ಲ. ಅದಕ್ಕಾಗಿ ಇಂಥ ಯಂತ್ರಗಳು ನಿಯತಕಾಲದಲ್ಲಿ ‘ಇದ್ದೇನೆ’ ಎಂಬ ಸಂಜ್ಞೆಯನ್ನು ಕಳುಹುತ್ತಿರುವುವು. ಇದಕ್ಕೆ ‘ಹೃದಯದ ಬಡಿತ’ವೆಂಬರ್ಥದ ಹೆಸರನ್ನಿಟ್ಟವನು ಕವಿಯೇ ಸರಿ.

ಯಂತ್ರವನ್ನು ಜೋಡಿಯಾಗಿಟ್ಟರೆ ಸಾಲದೆ ಎಂದು ಪೂರ್ವಪಕ್ಷ. ಅಮೆರಿಕದ ಸಕಸನ್ನದಲ್ಲಿ 1965ರಲ್ಲಿ ಆರಂಭವಾದ ದೂರವಾಣಿಕೇಂದ್ರದಲ್ಲಿ ನಿಯಂತ್ರಕಗಳು ಜೋಡಿಯಾಗಿದ್ದು ಪರಸ್ಪರ ತಾಳೆನೋಡುತ್ತಿದ್ದುವು; 40 ವರ್ಷಗಳಲ್ಲಿ ಒಟ್ಟು 2 ಗಂಟೆಗಿಂತ ಹೆಚ್ಚು ನಿಲ್ಲಬಾರದೆಂಬುದು ಅದರ ಗುರಿ. ಬಿಡಿಭಾಗಗಳು ಸವೆದು ಕೆಡುವಲ್ಲಿ ಇದು ಯುಕ್ತವೇ. ಆದರೆ 1990ನೆಯ ಜನವರಿ 15ರಂದು ಏಟಿ ಅಂಡ್ ಟಿ ಸಂಸ್ಥೆಯ ದೂರಕರೆಗಳ ಜಾಲದಲ್ಲಿ 114 ಕೇಂದ್ರಗಳಿಗೂ ಆದೇಶಲೇಖ ಒಂದೇ ಆಗಿತ್ತು, ಅದರ ದೋಷವೂ ಒಂದೇ ಆಗಿತ್ತು. ಚೇತರಿಸಿಕೊಂಡ ಕೇಂದ್ರವು ಕಳುಹಿದ ಸಂದೇಶಗಳೇ ನೆರೆಯದನ್ನು ಕೆಡವಿದುವು. ಅದು ಎದ್ದು ಮತ್ತೊಂದನ್ನು ಕೆಡವಿತು. ಸುಮಾರು 9 ಗಂಟೆಗಳ ಕಾಲ ಹೀಗಾಯಿತು. ಅಪಪಾಠವುಳ್ಳ ಒಂದೇ ಮಾತೃಕೆಯಿಂದಿಳಿದ ಪ್ರತಿಗಳು ನೂರಿದ್ದರೂ ಪಾಠನಿರ್ಣಯಕ್ಕೆ ಸಾಕ್ಷಿ ಒಂದೇ ಎಂಬುದನ್ನು ಗ್ರಂಥಸಂಪಾದಕರಿಗೆ ಹೇಳಬೇಕಾಗಿಲ್ಲ.

ಇನ್ನು ಶಬ್ದ. ‘ದೋಷವಾರಕ’, ‘ದೋಷಹರ’ ಎಂಬುವು ಸಲ್ಲವು. ದೋಷವು ಬಾರದಂತೆ ತಡೆಯುವುದು, ಬಂದುದನ್ನು ತೆಗೆಯುವುದು ಇವನ್ನು ಆ ಪ್ರಬಂಧವು ಬೇರೆ ಉಪಾಯಗಳೆಂದೇ ಎಣಿಸಿದೆ. ‘ಸಹಿಷ್ಣು’ವಿನಲ್ಲಿರುವ ಇಷ್ಣುಚ್ ಪ್ರತ್ಯಯವು ಸ್ವಭಾವವನ್ನು ಹೇಳುವುದು. ಎಲ್ಲ ದೋಷಗಳನ್ನೂ ತಾಳುವ ಸ್ವಭಾವ ಯಾವ ಯಂತ್ರಕ್ಕೂ ಇಲ್ಲ. ಭಾರಸಹ, ಕ್ಲೇಶಸಹ ಎಂಬಂತೆ ‘ಸಹ’ವನ್ನು ಉತ್ತರಪದವಾಗಿಟ್ಟು ಏಕಾಂಗದೋಷಸಹ, ವಿದ್ಯುಲ್ಲೋಪಸಹ ಎಂದು ಸಮಾಸಮಾಡಿದರೆ ಯಾವ ದೋಷವೆಂಬುದು ಪದದಲ್ಲಿಯೇ ನಿಲ್ಲುವುದು. 1990ರ ಜಾಲಕ್ಕೆ ಮೊದಲನೆಯ ವಿಶೇಷಣ ಸಲ್ಲುತ್ತಿತ್ತು, ಅದು ಸಮಾನದೋಷಸಹವಾಗಿರಲಿಲ್ಲ.