ಉಸ್ತಾದರ ಕೂಲಿ

ನಾವು ಉರ್ದು ಶಾಲೆಯಲ್ಲಿದ್ದಾಗ ಭಾನುವಾರ ಬೆಳಿಗ್ಗೆ ಕಾತಿಬರೊಬ್ಬರು ಬಂದು ಮಕ್ಕಳಿಗೆ ಅಕ್ಷರ ತಿದ್ದಿಸುತ್ತಿದ್ದರು. ವಾರವಿಡೀ ಪ್ರೆಸ್ಸಿನಲ್ಲಿ ಕೂತು ಕರಪತ್ರ, ಮದುವೆ ಕಾಗದ, ಪತ್ರಿಕೆಯ ಪುಟ ಬರೆದುಕೊಡುವುದು ಅವರ ಕಸುಬು. ಕಲಮಿನ ತುದಿಯನ್ನು ಎಷ್ಟು ಓರೆಯಾಗಿ ಕತ್ತರಿಸಬೇಕು, ಅಲಿಫ್ ಎಷ್ಟು ಚುಕ್ಕೆಯ ಎತ್ತರ ನಿಲ್ಲಬೇಕು ಎಂಬುದನ್ನು ಅವರು ಬಾಯಲ್ಲಿ ಹೇಳುತ್ತಿದ್ದುದು ಕಡಿಮೆ. ನಮ್ಮ ಕೈಯ ಮೇಲೆ ತಮ್ಮ ಕೈಯಿಟ್ಟು ತೋರಿಸುತ್ತಿದ್ದರು. ಅವರಿಗೆ ಏನಾದರೂ ಕೊಡಬೇಕೆಂದು ಯಾರಿಗೂ ಹೊಳೆಯಲಿಲ್ಲ. ‘ಖಿದ್ಮತ್ ಮಾಡುತ್ತಿದ್ದಾರೆ’ ಎಂದು ಹಿರಿಯರು ಸಭೆಗಳಲ್ಲಿ ಹೊಗಳುತ್ತಿದ್ದರು, ಅಷ್ಟೆ. ಮುಂದೆ ಕಂಪ್ಯೂಟರಿನಲ್ಲಿ ಇನ್‌ಪೇಜ್ ಬಂದು ಪ್ರೆಸ್ಸಿಗೆ ಕಾತಿಬರು ಬೇಡವಾದಾಗ ಅವರು ಊರು ಬಿಟ್ಟರು, ಭಾನುವಾರದ ಪಾಠವೂ ನಿಂತಿತು. ಅಷ್ಟು ದಿನ ಆ ಪಾಠದ ಖರ್ಚನ್ನು ಹೊತ್ತಿದ್ದು ಪ್ರೆಸ್ಸಿನ ಕೂಲಿ ಎಂಬುದು ಅರ್ಥವಾಗಲು ನಮಗೆ ಬಹಳ ವರ್ಷ ಬೇಕಾಯಿತು.

ಅಮೆರಿಕದ ಕರಿಯ ಶಿಲ್ಪಿ ಅಗಸ್ಟಾ ಸ್ಯಾವೇಜ್ ಅವರ ಬಗ್ಗೆ ಓದುವಾಗ ಆ ಕಾತಿಬರು ಮತ್ತೆ ಮತ್ತೆ ನೆನಪಾದರು. ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಬಡವರ ಮಕ್ಕಳಿಗೆ ಚಿತ್ರ, ಶಿಲ್ಪ ಕಲಿಸಿದವರು ಸ್ಯಾವೇಜ್. ಅವರ ಕುರಿತ ಬರಹಗಳಲ್ಲಿ ಒಂದು ಪಲ್ಲವಿ ತಪ್ಪದೆ ಕೇಳಿಬರುತ್ತದೆ: ತಮ್ಮ ಕಲೆಯನ್ನು ಬಲಿಕೊಟ್ಟು ಶಿಷ್ಯರನ್ನು ಬೆಳೆಸಿದ ತ್ಯಾಗಮಯಿ. ಈ ಮಾತು ಗೌರವದಿಂದಲೇ ಬಂದಿರಬಹುದು. ಆದರೆ ಇದನ್ನು ಒಪ್ಪಿಕೊಂಡುಬಿಟ್ಟರೆ ಅವರಿಗಾದ ಅನ್ಯಾಯ ಮುಚ್ಚಿಹೋಗುತ್ತದೆ, ಅವರು ಮಾಡಿದ ಕೆಲಸವೂ ಸರಿಯಾಗಿ ಕಣ್ಣಿಗೆ ಬೀಳುವುದಿಲ್ಲ ಎಂಬುದು ನಮ್ಮ ತಕರಾರು.

ಸ್ಯಾವೇಜ್ ಹುಟ್ಟಿದ್ದು 1892ರಲ್ಲಿ, ಫ್ಲಾರಿಡಾ ರಾಜ್ಯದ ಗ್ರೀನ್ ಕೋವ್ ಸ್ಪ್ರಿಂಗ್ಸ್‌ನಲ್ಲಿ. ಊರ ತುಂಬ ಇಟ್ಟಿಗೆಗೆ ಬೇಕಾದ ಕೆಂಪು ಜೇಡಿಮಣ್ಣು. ಹುಡುಗಿ ಅದರಲ್ಲಿ ಬಾತುಕೋಳಿ ಮಾಡುತ್ತ ಕೂತರೆ, ಪಾದ್ರಿಯಾಗಿದ್ದ ತಂದೆಗೆ ಅದು ವಿಗ್ರಹ ಮಾಡುವ ಪಾಪವಾಗಿ ಕಂಡು ಬೆನ್ನಿಗೆ ಬಾರಿಸುತ್ತಿದ್ದ. (ನಮ್ಮ ಓದುಗರಲ್ಲಿ ಕೆಲವರಿಗಾದರೂ ಈ ತಂದೆ ಎಲ್ಲೋ ನೋಡಿದವನಂತೆ ಅನಿಸಿದರೆ ಆಶ್ಚರ್ಯವಿಲ್ಲ.) 1921ರಲ್ಲಿ ನ್ಯೂಯಾರ್ಕಿನ ಕೂಪರ್ ಯೂನಿಯನ್ ಸೇರಿ ನಾಲ್ಕು ವರ್ಷದ ವ್ಯಾಸಂಗವನ್ನು ಮೂರರಲ್ಲಿ ಮುಗಿಸಿದರು. 1923ರಲ್ಲಿ ಫ್ರಾನ್ಸಿನ ಫಾಂಟೆನ್‌ಬ್ಲೋದಲ್ಲಿ ನಡೆಯುವ ಬೇಸಿಗೆ ಶಾಲೆಗೆ ಅರ್ಜಿ ಹಾಕಿದಾಗ ಅಮೆರಿಕನ್ನರ ಆಯ್ಕೆ ಸಮಿತಿ ನಿರಾಕರಿಸಿತು. ಕರಿಯಳೊಬ್ಬಳ ಜೊತೆ ಇರಬೇಕಾದರೆ ಬಿಳಿಯ ಹುಡುಗಿಯರಿಗೆ ಮುಜುಗರವಾಗುತ್ತದೆಂಬುದು ಕಾರಣ. ಸ್ಯಾವೇಜ್ ಸುಮ್ಮನಿರದೆ ಪತ್ರಿಕೆಗಳಿಗೆ ಹೋದರು. ಪ್ಯಾರಿಸ್ ನೋಡಲು ಅವರು 1929ರ ರೋಸೆನ್‌ವಾಲ್ಡ್ ಫೆಲೋಶಿಪ್ಪಿನವರೆಗೆ ಕಾಯಬೇಕಾಯಿತು. ಮರಳಿ ಬಂದು 1932ರಲ್ಲಿ ಹಾರ್ಲೆಮ್‌ನಲ್ಲಿ ತಮ್ಮದೇ ಕಲಾಶಾಲೆ ತೆರೆದರು. ಬಾಗಿಲಲ್ಲಿ ನಿಲ್ಲಿಸಿ ವಾಪಸು ಕಳಿಸುವುದೆಂದರೇನು ಎಂದು ಬಲ್ಲವರು ತೆರೆದ ಬಾಗಿಲು ಅದು.

ಆಗ ಅಮೆರಿಕದಲ್ಲಿ ಮಹಾ ಆರ್ಥಿಕ ಕುಸಿತದ ಕಾಲ. 1935ರಲ್ಲಿ ರೂಸ್‌ವೆಲ್ಟ್ ಸರಕಾರ ನಿರುದ್ಯೋಗಿಗಳಿಗೆ ಕೆಲಸ ಕೊಡಲು ಡಬ್ಲ್ಯುಪಿಎ ಎಂಬ ಯೋಜನೆ ಆರಂಭಿಸಿತು. ರಸ್ತೆ, ಸೇತುವೆ ಕಟ್ಟುವವರ ಸಾಲಿನಲ್ಲೇ ಚಿತ್ರಕಾರರಿಗೂ ಹಾಜರಿ ಪುಸ್ತಕವಿತ್ತು, ವಾರದ ಬಟವಾಡೆಯಿತ್ತು. ಅದರಡಿ ದೇಶದಲ್ಲಿ ನೂರಕ್ಕೂ ಹೆಚ್ಚು ಸಮುದಾಯ ಕಲಾಕೇಂದ್ರಗಳು ಎದ್ದವು. ಇದರಲ್ಲಿ ಕರಿಯರಿಗೆ ಪಾಲು ತಾನಾಗಿ ಬರಲಿಲ್ಲ. ಸ್ಯಾವೇಜ್ ಮತ್ತು ಗೆಳೆಯರು 1935ರಲ್ಲಿ ಹಾರ್ಲೆಮ್ ಕಲಾವಿದರ ಸಂಘ ಕಟ್ಟಿಕೊಂಡು, ಕರಿಯರನ್ನೂ ಮೇಲ್ವಿಚಾರಕರನ್ನಾಗಿ ನೇಮಿಸಿರೆಂದು ಒತ್ತಾಯಿಸುತ್ತಲೇ ಇದ್ದರು. 1937ರ ಡಿಸೆಂಬರಿನಲ್ಲಿ ಹಾರ್ಲೆಮ್ ಸಮುದಾಯ ಕಲಾಕೇಂದ್ರ ಬಾಗಿಲು ತೆರೆದಾಗ ಸ್ಯಾವೇಜ್ ಅದರ ನಿರ್ದೇಶಕಿ. ತರಗತಿಗಳು ಹಗಲೂ ಉಂಟು, ರಾತ್ರಿಯೂ ಉಂಟು, ಶುಲ್ಕವಿಲ್ಲ. ಚಿತ್ರ, ಶಿಲ್ಪ, ಅಚ್ಚುಕಲೆ, ಫೋಟೋಗ್ರಫಿ, ನೇಯ್ಗೆ. ಮೊದಲ ಹದಿನಾರು ತಿಂಗಳಲ್ಲಿ ಅಲ್ಲಿನ ಚಟುವಟಿಕೆಗಳಿಗೆ ಬಂದುಹೋದವರು 70 ಸಾವಿರಕ್ಕೂ ಹೆಚ್ಚು ಮಂದಿ.

ಇಂಥ ಕೇಂದ್ರಗಳನ್ನು ಹೊಗಳುವವರು ಕೂಡಲೇ ಜೇಕಬ್ ಲಾರೆನ್ಸ್ ಹೆಸರೆತ್ತುತ್ತಾರೆ. ನಾವೂ ಎತ್ತುತ್ತೇವೆ, ಬೇರೆ ಕಾರಣಕ್ಕೆ. ಲಾರೆನ್ಸ್ ಹದಿಮೂರರ ವಯಸ್ಸಿಗೆ ಹಾರ್ಲೆಮ್‌ಗೆ ಬಂದವರು. ತಾಯಿ ದುಡಿಯಲು ಹೋಗುತ್ತಿದ್ದರಿಂದ ಶಾಲೆ ಬಿಟ್ಟ ಮೇಲೆ ಮಗನನ್ನು ಯುಟೋಪಿಯಾ ಮಕ್ಕಳ ಮನೆ ಎಂಬಲ್ಲಿ ಬಿಟ್ಟರು. ಅಲ್ಲಿ ಚಿತ್ರ ಕಲಿಸುತ್ತಿದ್ದವರು ಚಾರ್ಲ್ಸ್ ಆಲ್‌ಸ್ಟನ್. ಹುಡುಗ ಮನೆಯ ಜಮಖಾನೆಗಳ ವಿನ್ಯಾಸ ನೋಡಿ ಗೆರೆ ಹಾಕುತ್ತಿದ್ದ, ಕಾಗದದ ಮುಖವಾಡ ಮಾಡುತ್ತಿದ್ದ, ರಟ್ಟಿನ ಪೆಟ್ಟಿಗೆಯೊಳಗೆ ಹಾರ್ಲೆಮ್‌ನ ಬೀದಿಯನ್ನೇ ನಾಟಕದ ರಂಗದಂತೆ ಕಟ್ಟುತ್ತಿದ್ದ. ಆಲ್‌ಸ್ಟನ್ ಕಾಲೇಜಿನಲ್ಲಿ ಕಲಿತು ಬಂದವರು, ನೆರಳು ಬೆಳಕು, ದೇಹದ ಅಳತೆ ಎಲ್ಲ ಬಲ್ಲವರು. ಆದರೂ ಈ ಹುಡುಗನಿಗೆ ಆ ಪಾಠ ಹೇರಬಾರದೆಂದು ನಿರ್ಧರಿಸಿದರು. ಬಣ್ಣ ಕೊಟ್ಟರು, ಜಾಗ ಕೊಟ್ಟರು, ಕೈ ಹಿಂದೆಗೆದುಕೊಂಡರು.

ಕಲಿಸುವವನಿಗೆ ಇದರಷ್ಟು ಕಷ್ಟದ್ದು ಬೇರೆ ಇಲ್ಲ. ನಮ್ಮ ಶಾಲೆಗಳ ಚಿತ್ರಕಲೆ ಪರೀಕ್ಷೆಗಳಲ್ಲಿ ಎಲ್ಲ ಮಕ್ಕಳೂ ಒಂದೇ ಹೂಜಿಯನ್ನು ಒಂದೇ ಕಡೆಯಿಂದ ಬರೆದು ತರುವುದನ್ನು ನೋಡಿದವರಿಗೆ ಅದು ಗೊತ್ತು. 1940-41ರಲ್ಲಿ ಲಾರೆನ್ಸ್ ಕರಿಯರ ಮಹಾವಲಸೆಯನ್ನು 60 ಫಲಕಗಳಲ್ಲಿ ಚಿತ್ರಿಸಿದರು. ಅರವತ್ತನ್ನೂ ಒಟ್ಟಿಗೆ ಹರಡಿಕೊಂಡು, ಒಂದು ಬಣ್ಣವನ್ನು ಎಲ್ಲ ಫಲಕಗಳಿಗೂ ಹಚ್ಚಿ ಮುಗಿಸಿ, ಆಮೇಲೆ ಇನ್ನೊಂದನ್ನು ಎತ್ತಿಕೊಳ್ಳುತ್ತಿದ್ದರು. ಚಪ್ಪಟೆ ಬಣ್ಣ, ಗಟ್ಟಿ ಅಂಚು, ಮುಖದಲ್ಲಿ ವಿವರವೇ ಇಲ್ಲ. ರೈಲು ನಿಲ್ದಾಣಕ್ಕೆ ನುಗ್ಗುವ ಜನರ ಬಾಗಿದ ಬೆನ್ನುಗಳೇ ಮಾತಾಡುತ್ತವೆ. ರಟ್ಟಿನ ಪೆಟ್ಟಿಗೆಯ ಬೀದಿ ಅಲ್ಲಿ ದೊಡ್ಡದಾಗಿದೆ ಎಂದೇ ನಮಗೆ ಅನಿಸುತ್ತದೆ. ಅದನ್ನು ತಿದ್ದದೆ ಬಿಟ್ಟ ಮೇಷ್ಟರ ಕೆಲಸ ಆ ಫಲಕಗಳಲ್ಲಿ ಎಲ್ಲೂ ಕಾಣುವುದಿಲ್ಲ, ಎಲ್ಲೆಲ್ಲೂ ಇದೆ.

ಸ್ಯಾವೇಜ್ ಲಾರೆನ್ಸ್‌ಗೆ ಮಾಡಿದ ಉಪಕಾರ ಇನ್ನೂ ಸಾದಾ. ಹುಡುಗನನ್ನು ಕೈಹಿಡಿದು ಡಬ್ಲ್ಯುಪಿಎ ಕಚೇರಿಗೆ ಕರೆದೊಯ್ದರು. ಇಪ್ಪತ್ತೊಂದು ತುಂಬಿಲ್ಲವೆಂದು ಅಲ್ಲಿ ಕಳಿಸಿಬಿಟ್ಟರು. ಲಾರೆನ್ಸ್ ಅದನ್ನು ಮರೆತೇಬಿಟ್ಟಿದ್ದರು. ವರ್ಷ ಕಳೆದ ಮೇಲೆ, 1938ರಲ್ಲಿ, ಸ್ಯಾವೇಜ್ ನೆನಪಿಟ್ಟುಕೊಂಡು ಮತ್ತೆ ಕರೆದೊಯ್ದರು. ವಾರಕ್ಕೆ 23.86 ಡಾಲರ್ ಸಂಬಳ, ಹದಿನೆಂಟು ತಿಂಗಳು. ತಾನು ಕಲಾವಿದನಾಗಿ ಉಳಿದದ್ದು ಅದರಿಂದ ಎಂದು ಲಾರೆನ್ಸ್ ಜೀವನವಿಡೀ ಹೇಳುತ್ತಿದ್ದರು. ಗುರುವಿನ ಸ್ಪರ್ಶ, ಸ್ಫೂರ್ತಿ ಎಂದೆಲ್ಲ ಬರೆಯುವವರು ಈ ಅರ್ಜಿ ಫಾರಮ್ಮಿನ ಪ್ರಸಂಗವನ್ನು ಒಂದು ಸಾಲಿನಲ್ಲಿ ದಾಟಿಬಿಡುತ್ತಾರೆ. ಸ್ಯಾವೇಜ್‌ಗೆ ಮಾತ್ರ ಸ್ಪಷ್ಟವಿತ್ತು: ಪಾಠ ಮುಗಿದ ಮೇಲೆ ಹುಡುಗ ಊಟ ಮಾಡಬೇಕು.

ಸ್ವತಃ ಅವರಿಗೆ ಏನಾಯಿತು? 1939ರ ನ್ಯೂಯಾರ್ಕ್ ವಿಶ್ವ ಮೇಳಕ್ಕೆ ಒಂದು ಶಿಲ್ಪ ಮಾಡಿಕೊಡುವ ಅವಕಾಶ ಬಂತು. ಕೇಂದ್ರದಿಂದ ರಜೆ ಪಡೆದು ಹದಿನಾರು ಅಡಿ ಎತ್ತರದ ಹಾರ್ಪ್ ವಾದ್ಯವೊಂದನ್ನು ಮಾಡಿದರು. ಹಾಡುವ ಕರಿಯ ಮಕ್ಕಳ ಸಾಲೇ ಅದರ ತಂತಿಗಳು, ಕೆಳಗೆ ಅವರನ್ನು ಹೊತ್ತ ಒಂದು ದೊಡ್ಡ ಕೈ. ಮಾಡಿದ್ದು ಪ್ಲಾಸ್ಟರಿನಲ್ಲಿ, ಮೇಲೆ ಕಪ್ಪು ಕಲ್ಲಿನಂತೆ ಕಾಣುವ ಬಣ್ಣ. ಮೇಳಕ್ಕೆ ಬಂದವರು ಅದರ ಪುಟ್ಟ ಲೋಹದ ಪ್ರತಿಗಳನ್ನು ಕೊಂಡೊಯ್ದರು. ಮೇಳ ಮುಗಿದಾಗ ಮೂಲವನ್ನು ಕಂಚಿಗೆ ಹಾಕಿಸಲು ದುಡ್ಡಿರಲಿಲ್ಲ, ಇಡಲು ಜಾಗವಿರಲಿಲ್ಲ. ಉಳಿದ ಮಂಟಪಗಳ ಜೊತೆ ಅದನ್ನೂ ಒಡೆದುಹಾಕಿದರು. ಕೇಂದ್ರಕ್ಕೆ ಹಿಂದಿರುಗಿದರೆ ಅವರ ಕುರ್ಚಿ ಇನ್ನೊಬ್ಬರದಾಗಿತ್ತು.

ಈಗ ಹೇಳಿ, ಇದರಲ್ಲಿ ತ್ಯಾಗ ಎಲ್ಲಿದೆ? ಅವರು ಪಾಠಕ್ಕಾಗಿ ಶಿಲ್ಪ ಬಿಡಲಿಲ್ಲ, ಶಿಲ್ಪ ಮಾಡಲೆಂದೇ ರಜೆ ಹಾಕಿದರು. ಕಳೆದುಹೋದದ್ದು ಕಂಚಿನ ದುಡ್ಡಿಲ್ಲದೆ. ಅವರ ಬಹುಪಾಲು ಕೃತಿಗಳು ಪ್ಲಾಸ್ಟರಿನವೇ, ಉಳಿದಿರುವುದು ಕೆಲವೇ. ತನ್ನ ಸ್ಮಾರಕ ಶಿಷ್ಯರ ಕೆಲಸದಲ್ಲಿ ಇರುತ್ತದೆಂಬ ಅರ್ಥದ ಮಾತನ್ನು ಅವರು ಹಿಂದೆ ಹೇಳಿದ್ದುಂಟು. ಕಂಚು ಸಿಗದ ಶಿಲ್ಪಿಯೊಬ್ಬರು ಆಡಿದ ಮಾತನ್ನು ಬೋಧಕರ ದಿನಾಚರಣೆಯ ಘೋಷವಾಕ್ಯ ಮಾಡಿಕೊಳ್ಳುವುದು ಸರಿಯೆಂದು ನಮಗೆ ತೋರದು. 1940ರ ದಶಕದಲ್ಲಿ ಅವರು ನ್ಯೂಯಾರ್ಕ್ ನಗರ ಬಿಟ್ಟು ಸಾಗರ್ಟೀಸ್ ಎಂಬ ಹಳ್ಳಿಗಾಡಿಗೆ ಹೋದರು. ಕೋಳಿ ಸಾಕಿದರು, ಬೇಸಿಗೆ ಶಿಬಿರಗಳಲ್ಲಿ ಮಕ್ಕಳಿಗೆ ಕಲಿಸಿದರು, ಮಕ್ಕಳ ಕತೆ, ಪತ್ತೇದಾರಿ ಕತೆ ಬರೆದರು, ಕತೆಗಳು ಅಚ್ಚಾಗಲಿಲ್ಲ. ತೀರಿಕೊಂಡದ್ದು 1962ರಲ್ಲಿ.

ಯುದ್ಧ ಬಂದು ಸರಕಾರದ ಹಣ ನಿಂತೊಡನೆ 1942ರ ಹೊತ್ತಿಗೆ ಹಾರ್ಲೆಮ್ ಕೇಂದ್ರವೂ ಮುಚ್ಚಿತು. ಸ್ಯಾವೇಜ್ ಕುರ್ಚಿಗೆ ಬಂದಿದ್ದ ಕವಯಿತ್ರಿ ಗ್ವೆಂಡೊಲಿನ್ ಬೆನೆಟ್ ಅವರನ್ನು 1941ರಲ್ಲೇ ಕಮ್ಯುನಿಸ್ಟ್ ಗುಮಾನಿಯ ಮೇಲೆ ಹೊರಗಿಟ್ಟಿದ್ದರು. ಅವರು ಬಿಡಲಿಲ್ಲ. ಹಾರ್ಲೆಮ್‌ನಲ್ಲೇ ದುಡಿಯುವ ಜನರಿಗಾಗಿ ಕಾರ್ವರ್ ಶಾಲೆ ಎಂಬ ಸಂಜೆ ಶಾಲೆ ನಡೆಸಿದರು. ಅಲ್ಲಿ 1944ರಿಂದ ಕಲಿಸಿದವರು ಎಲಿಜಬೆತ್ ಕ್ಯಾಟ್ಲೆಟ್. ಅಯೋವಾ ವಿಶ್ವವಿದ್ಯಾಲಯದಲ್ಲಿ ಹೆಸರಾಂತ ಚಿತ್ರಕಾರ ಗ್ರಾಂಟ್ ವುಡ್ ಬಳಿ ಕಲಿತು, 1940ರಲ್ಲಿ ಶಿಲ್ಪಕಲೆಯ ಸ್ನಾತಕೋತ್ತರ ಪದವಿ ಪಡೆದಿದ್ದ ಈ ಹೆಂಗಸು ಕಾರ್ವರ್ ಶಾಲೆಯಲ್ಲಿ ಶಿಲ್ಪದ ಜೊತೆಗೆ ಬಟ್ಟೆ ಹೊಲಿಯುವ ತರಗತಿಯನ್ನೂ ತೆಗೆದುಕೊಂಡರು. ಬರುತ್ತಿದ್ದವರು ಅಡುಗೆ ಕೆಲಸದವರು, ಮನೆಗೆಲಸದವರು, ಝಾಡಮಾಲಿಗಳು. ವಿದ್ಯಾವಂತ ಮನೆಯಲ್ಲಿ ಬೆಳೆದ ಕ್ಯಾಟ್ಲೆಟ್‌ಗೆ ಇಂಥ ಹೆಂಗಸರ ಜೊತೆ ದಿನವೂ ಕೂತು ಮಾತಾಡುವ ಸಂದರ್ಭ ಬಂದದ್ದು ಅಲ್ಲಿಯೇ. 1946-47ರಲ್ಲಿ ಮೆಕ್ಸಿಕೋದಲ್ಲಿ ಅವರು ಕರಿಯ ಹೆಂಗಸಿನ ಬದುಕನ್ನು 15 ಲಿನೋ ಅಚ್ಚುಗಳಲ್ಲಿ ಕೆತ್ತಿದಾಗ ಪ್ರತಿ ಚಿತ್ರದ ಶೀರ್ಷಿಕೆಯೂ ಸೇರಿ ಒಬ್ಬಳೇ ‘ನಾನು’ ಎಂದು ಹೇಳಿಕೊಂಡಂತೆ ಓದಿಸುತ್ತದೆ. ನೆಲ ಒರೆಸುವ ಕೈ, ಹೊಲದ ಕೈ, ಹೋರಾಟಗಾರ್ತಿಯ ಕೈ ಎಲ್ಲಕ್ಕೂ ಒಂದೇ ಗಾತ್ರ, ಒಂದೇ ತೂಕ. ಕಲೆಯ ಪಾಠ, ಹೊಲಿಗೆಯ ಪಾಠ ಎಂದು ಮೇಲುಕೀಳು ಮಾಡುವವರು ಈ ಅಚ್ಚುಗಳ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ನಮ್ಮ ಮೊಹಲ್ಲಾಗಳ ಹೊಲಿಗೆ ಕ್ಲಾಸುಗಳನ್ನು ನೋಡುವಾಗ ನಮಗೆ ಇವು ಕಣ್ಣ ಮುಂದೆ ಬರುತ್ತವೆ.

ಹಾರ್ಲೆಮ್ ಮುಚ್ಚಿತು, ಶಿಕಾಗೋ ಉಳಿಯಿತು. ಅಲ್ಲಿನ ದಕ್ಷಿಣ ಭಾಗದ ಕರಿಯರಿಗೆ ಕಲಾಕೇಂದ್ರ ಬೇಕೆಂದಾಗ, ಮೇಷ್ಟರ ಸಂಬಳ ನಮ್ಮದು, ಕಟ್ಟಡ ನಿಮ್ಮದು ಎಂದಿತು ಸರಕಾರ. ಜನ ಬೀದಿಯಲ್ಲಿ ನಿಂತು ಹತ್ತು ಸೆಂಟಿನ ನಾಣ್ಯ ಕೂಡಿಸಿದರು. ‘ಒಂದು ಮೈಲಿ ನಾಣ್ಯ’ ಎಂಬುದು ಆ ಚಂದಾದ ಹೆಸರು. ಆಗಿನ್ನೂ ಇಪ್ಪತ್ತರ ಆಸುಪಾಸಿನಲ್ಲಿದ್ದ ಮಾರ್ಗರೆಟ್ ಬರೋಸ್ ಡಬ್ಬಿ ಹಿಡಿದು ನಿಂತವರಲ್ಲಿ ಒಬ್ಬರು. 1940ರಲ್ಲಿ ಮಿಶಿಗನ್ ಅವೆನ್ಯೂದ ಹಳೆಯ ಬಂಗಲೆಯೊಂದನ್ನು ಕೊಂಡರು. 1941ರ ಮೇ 7ರಂದು ಎಲಿನಾರ್ ರೂಸ್‌ವೆಲ್ಟ್ ಬಂದು ಉದ್ಘಾಟಿಸಿದರು. (ಚಂದಾ ಎತ್ತಿ ಶಾದಿ ಮಹಲ್ ಕಟ್ಟುವುದರಲ್ಲಿ ನಮ್ಮವರೂ ಹಿಂದೆ ಬಿದ್ದವರಲ್ಲ. ಅದರ ಮಹಡಿಯ ಒಂದು ಕೋಣೆಯನ್ನು ಮಕ್ಕಳ ಚಿತ್ರಕ್ಕೆಂದು ಬಿಟ್ಟ ಊರನ್ನು ನಾವಿನ್ನೂ ನೋಡಬೇಕಾಗಿದೆ.)

ಆ ಮನೆಯ ಕವಿತೆಯ ತರಗತಿಯಲ್ಲಿ ಪಾಠ ಮಾಡಿದವರು ಇನೆಜ್ ಕನಿಂಗ್‌ಹ್ಯಾಮ್ ಸ್ಟಾರ್ಕ್ ಎಂಬ ಶ್ರೀಮಂತ ಬಿಳಿಯ ಮಹಿಳೆ. ಕಲಿಯಲು ಕೂತವರಲ್ಲಿ ಗ್ವೆಂಡೊಲಿನ್ ಬ್ರೂಕ್ಸ್ ಇದ್ದರು, 1950ರಲ್ಲಿ ಪುಲಿಟ್ಜರ್ ಪಡೆದ ಮೊದಲ ಕರಿಯ ಲೇಖಕಿ. ಸ್ಟಾರ್ಕ್ ಆಲ್‌ಸ್ಟನ್‌ರಂತೆ ಕೈ ಹಿಂದೆಗೆಯಲಿಲ್ಲ. ಸವೆದ ಮಾತು ಕಂಡಲ್ಲೆಲ್ಲ ನಿರ್ದಾಕ್ಷಿಣ್ಯವಾಗಿ ಹಿಡಿದು ತೋರಿಸುತ್ತಿದ್ದರು. ಮಗುವಿಗೆ ಒಂದು ಪಾಠ, ಬರೆದು ಪಳಗಿದವರಿಗೆ ಇನ್ನೊಂದು. ಬಿಳಿಯಳೊಬ್ಬಳು ಬಂದು ಕಲಿಸಬೇಕಾಯಿತೇ ಎಂಬ ಪ್ರಶ್ನೆ ಏಳದಿರದು. ಆದರೆ ಕಲಿತವರು ತಮ್ಮ ಮನೆಯಲ್ಲಿ, ತಮ್ಮ ಕುರ್ಚಿಯ ಮೇಲೆ ಕೂತಿದ್ದರು. ಅತಿಥಿಯಾಗಿ ಬಂದವರು ಮೇಷ್ಟರು. ಅದಕ್ಕೂ ಮೊದಲೇ, 1930ರ ದಶಕದಲ್ಲಿ, ಚಾರ್ಲ್ಸ್ ವೈಟ್ ಮತ್ತು ಬರೋಸ್ ಅವರಂಥ ಎಳೆಯರು ಜಾರ್ಜ್ ನೀಲ್ ಎಂಬ ಗುರುವಿನ ಸುತ್ತ ಸೇರುತ್ತಿದ್ದರು. ದುಡ್ಡು ಒಟ್ಟುಮಾಡಿ ತಮ್ಮಲ್ಲೊಬ್ಬರನ್ನು ಶಿಕಾಗೋ ಆರ್ಟ್ ಇನ್‌ಸ್ಟಿಟ್ಯೂಟಿನ ತರಗತಿಗೆ ಕಳಿಸುವುದು, ಅವರು ಬಂದು ಉಳಿದವರಿಗೆಲ್ಲ ಅದೇ ಪಾಠ ಹೇಳುವುದು, ಇದು ಅವರ ಏರ್ಪಾಡು.

1943ರಲ್ಲಿ ಶಿಕಾಗೋದಲ್ಲೂ ಸರಕಾರದ ಸಂಬಳ ನಿಂತಿತು. ಮನೆ ಸ್ವಂತದ್ದಾಗಿದ್ದರಿಂದ ಯಾರೂ ಬೀಗ ಹಾಕಲಾಗಲಿಲ್ಲ. ಹಾಗೆಂದು ನಾಣ್ಯದ ಡಬ್ಬಿಯೇ ಎಲ್ಲವನ್ನೂ ಉಳಿಸಿತೆಂದು ನಾವು ಹೇಳಲಾರೆವು. ಬರೋಸ್ ಇಪ್ಪತ್ತಕ್ಕೂ ಹೆಚ್ಚು ವರ್ಷ ನಗರದ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರ್ ಆಗಿದ್ದರು. ಹಗಲು ಅಲ್ಲಿ ಸಂಬಳಕ್ಕೆ ದುಡಿದು, 1961ರಲ್ಲಿ ಕೇಂದ್ರದ ಎದುರಿಗಿದ್ದ ತಮ್ಮ ಮನೆಯ ಹಜಾರದಲ್ಲೇ ಕರಿಯರ ಚರಿತ್ರೆಯ ಮ್ಯೂಸಿಯಂ ಆರಂಭಿಸಿದರು. ಬೀದಿಯ ಈಚೆ ಬದಿಯ ಆ ಬಂಗಲೆಯ ಒಳಗೋಡೆಗಳಿಗೆ 1940ರಲ್ಲಿ ಮರದ ಹಲಗೆ ಹೊದಿಸಿದ್ದರು. ಅಂದಿನಿಂದ ಚಿತ್ರ ತೂಗುಹಾಕಲು ಹೊಡೆದು ಕಿತ್ತ ಮೊಳೆಗಳ ತೂತುಗಳು ಅದರ ತುಂಬ ಇವೆ.